ಮನೆಯಲ್ಲಿ ಪೆಟ್ಟು ತಿಂದವಳಿಗೆ ಕೆಲ್ಸದಲ್ಲಿ ರಜೆ ಕೇಳ್ಲಿಕ್ಕೆ ರೂಲ್ ಉಂಟಾ?

ಕುಂಬಳೆ_ಲೆಕ್ಕದವಳು:

ಎಲ್ರಿಗೂ ನಮಸ್ಕಾರ. ನಾನು ಕಾಸರಗೋಡು ಪೇಟೆಯ ಒಂದು ಬಟ್ಟೆ ಅಂಗಡಿಯಲ್ಲಿ ಅಕೌಂಟ್ಸ್ ನೋಡುದು, ಹಾಜರಿ ಪುಸ್ತಕವೂ ನನ್ನ ಕೈಯಲ್ಲೇ. ಸೀರೆ ಸೆಕ್ಷನ್ನಲ್ಲಿ ಒಬ್ಳು ಹುಡುಗಿ ಇದ್ದಾಳೆ, ಮದುವೆ ಆಗಿ ನಾಲ್ಕು ವರ್ಷ, ಒಂದು ಮಗು. ಗಂಡ ಹೊಡಿತಾನೆ ಅಂತ ನಮ್ಗೆಲ್ಲ ಅಂದಾಜಿತ್ತು, ಅವಳು ಬಾಯಿ ಬಿಟ್ಟು ಹೇಳಿರ್ಲಿಲ್ಲ ಅಷ್ಟೆ. ಮೇ ತಿಂಗಳ ಆ ಸೆಕೆಗೆ ಉದ್ದ ಕೈಯ ಬ್ಲೌಸ್ ಹಾಕಿಕೊಂಡು ಬರ್ತಿದ್ಲು, ಮೇಲಿನ ಶೆಲ್ಫಿಂದ ಸೀರೆ ತೆಗಿಲಿಕ್ಕೆ ಬಲಗೈ ಎತ್ಲಿಕ್ಕಾಗದೆ ಎಡಗೈಯಲ್ಲಿ ಎಳಿತಿದ್ಲು, ಗಿರಾಕಿ ಎದುರು ನಗ್ತಾನೇ ಇದ್ಲು.

ಹೋದ ತಿಂಗಳು ಮಗುವನ್ನು ಎತ್ಕೊಂಡು ತಾಯಿಮನೆಗೆ ಬಂದಿದ್ದಾಳೆ, ಕೇಸ್ ಕೊಡುದೇ ಅಂತ ಗಟ್ಟಿ ಮನಸ್ಸು ಮಾಡಿದ್ದಾಳೆ. ಆದ್ರೆ ಒಂದು ದಿನ ಆಸ್ಪತ್ರೆ, ಒಂದು ದಿನ ಸ್ಟೇಷನ್, ಮತ್ತೊಂದು ದಿನ ವಕೀಲ್ರು, ಮಗುವಿನ ಅಂಗನವಾಡಿ ಬದಲಾಯಿಸ್ಲಿಕ್ಕೆ ಅಂತ ಅರ್ಧ ದಿನ, ಹೀಗೆ ಒಂಬತ್ತು ದಿನ ಹೋಗಿ ಆಯ್ತು. ಕ್ಯಾಶುವಲ್ ಲೀವ್ ಎಲ್ಲ ಮುಂಚೆಯೇ ಖಾಲಿ. ಪುಸ್ತಕ ಹಿಂದೆ ತಿರುಗಿಸಿ ನೋಡುವಾಗ ಈಗ ಗೊತ್ತಾಗ್ತದೆ ನಂಗೆ, ಆ ಲೀವೆಲ್ಲ ಪೆಟ್ಟು ತಿಂದ ಮರುದಿನದ್ದು. ಹೆಚ್ಚಿನದ್ದೂ ಸೋಮವಾರ. ಲೀವ್ ಮುಗಿದ ಮೇಲಿನ ದಿನಗಳಿಗೆ ಕೆಂಪು ಪೆನ್ನಲ್ಲಿ ಆಬ್ಸೆಂಟ್ ಹಾಕಿದ್ದು ನಾನೇ. ಈ ತಿಂಗಳ ಸಂಬಳದಲ್ಲಿ ಒಂಬತ್ತು ದಿನದ್ದು ಕಟ್ ಮಾಡುವಾಗ ನನ್ನ ಕೈಯೇ ಓಡ್ಲಿಲ್ಲ.

ಧಣಿಗಳು ಕೆಟ್ಟವರಲ್ಲ. ಕೇಳಿದೆ. "ಅದು ಅವಳ ಮನೆ ವಿಷಯ ಅಲ್ವಾ, ಹೀಗೊಂದು ರೂಲ್ ಉಂಟು ಅಂತ ತೋರ್ಸಿ, ಕೊಡುವ, ಇಲ್ಲದಿದ್ರೆ ನಾಳೆ ಎಲ್ರೂ ಕೇಳ್ತಾರೆ" ಅಂದ್ರು. ಹಾಗಾಗಿ ಇಲ್ಲಿ ಕೇಳ್ತಿದ್ದೇನೆ, ಅಂಥ ರೂಲ್ ನಮ್ಮಲ್ಲಿ ಉಂಟಾ? ಇಲ್ಲದಿದ್ರೆ ಬೇರೆ ಎಂತ ದಾರಿ? ಮತ್ತೊಂದು, ಸಂಬಳದ ದಿನ ಅವಳ ಗಂಡ ಅಂಗಡಿ ಎದುರು ಬೈಕ್ ನಿಲ್ಸಿ ಕಾಯ್ತಾನೆ, ಅವಳು ಹಿಂದಿನ ಗೋಡೌನ್ ಬಾಗಿಲಲ್ಲಿ ಹೋಗುದು. ಇದಕ್ಕೆ ಎಂತ ಮಾಡುದು?

ವಿದ್ಯಾನಗರ_ಗುಮಾಸ್ತ:

ಅಕ್ಕ, ಮೊದ್ಲು ನೇರ ಉತ್ತರ. ಮನೆಯೊಳಗಿನ ಹಿಂಸೆಗೆ ಅಂತ್ಲೇ ಪ್ರತ್ಯೇಕ ರಜೆ ಕೊಡ್ಬೇಕು ಅನ್ನುವ ಕಾನೂನು ನಮ್ಮ ದೇಶದಲ್ಲಿ ಇಲ್ಲ. ಧಣಿಗಳಿಗೆ ತೋರ್ಸುವ ರೂಲ್ ಸಿಕ್ಕುದಿಲ್ಲ. ಆದ್ರೆ ಕೊಡ್ಬಾರ್ದು ಅಂತ ಹೇಳುವ ರೂಲೂ ಇಲ್ಲ. ಕೇರಳದ ಶಾಪ್ಸ್ ಆಕ್ಟಲ್ಲಿ ವರ್ಷಕ್ಕೆ 12 ಕ್ಯಾಶುವಲ್, 12 ಸಿಕ್ ಲೀವ್ ಅಂತ ಉಂಟಲ್ಲ, ಅದು ಕಡಿಮೆಗೆ ಕಡಿಮೆ ಇಷ್ಟು ಕೊಡ್ಲೇಬೇಕು ಅನ್ನುವ ಲೆಕ್ಕ. ಅದರ ಮೇಲೆ ಎಷ್ಟು ಬೇಕಾದ್ರೂ ಕೊಡ್ಬಹುದು. ಅವಳ ಸಿಕ್ ಲೀವ್ ಬಾಕಿ ಉಂಟಾ ನೋಡಿ, ಪೆಟ್ಟಾಗಿ ಆಸ್ಪತ್ರೆಗೆ ಹೋದದ್ದು ಸಿಕ್ ಲೀವ್ ಅಲ್ಲದೆ ಮತ್ತೆಂತ? ಸಂಬಳ 21,000ದೊಳಗೆ ಇದ್ದು ಇಎಸ್‌ಐ (ನೌಕರರ ವಿಮೆ) ಕಟ್ತಾ ಇದ್ರೆ, ಇಎಸ್‌ಐ ಡಾಕ್ಟ್ರ ಸರ್ಟಿಫಿಕೇಟಿನ ಮೇಲೆ ದಿನಕ್ಕೆ ಸಂಬಳದ ನೂರಕ್ಕೆ 70ರ ಹಾಗೆ ಸಿಗ್ತದೆ, ವರ್ಷಕ್ಕೆ 91 ದಿನದವರೆಗೆ.

ಈಗ ಮುಖ್ಯ ವಿಷಯ. ಆ ಕೆಂಪು ಆಬ್ಸೆಂಟ್ ಯಾವ ಕಾರಣಕ್ಕೂ ಅಳಿಸ್ಬೇಡಿ, ಪಾಪ ಅಂತ ಪ್ರೆಸೆಂಟ್ ಮಾಡ್ಲಿಕ್ಕೂ ಹೋಗ್ಬೇಡಿ. 2005ರ ಕೌಟುಂಬಿಕ ಹಿಂಸೆ ಕಾನೂನಿನ 20ನೇ ಸೆಕ್ಷನ್ನಲ್ಲಿ, ಹಿಂಸೆಯಿಂದ ಹೋದ ಸಂಪಾದನೆಯನ್ನೂ ಆಸ್ಪತ್ರೆ ಖರ್ಚನ್ನೂ ಗಂಡನೇ ಕೊಡ್ಬೇಕು ಅಂತ ಮ್ಯಾಜಿಸ್ಟ್ರೇಟ್ ಆರ್ಡರ್ ಮಾಡ್ಲಿಕ್ಕೆ ಅವಕಾಶ ಉಂಟು. ನಷ್ಟ ಆಯ್ತು ಅಂತ ತೋರ್ಸುದು ಹೇಗೆ? ನಿಮ್ಮ ಹಾಜರಿ ಪುಸ್ತಕ, ಕಟ್ ಆದ ಸಂಬಳದ ಸ್ಲಿಪ್, ಅದೇ ತಾರೀಕಿನ ಆಸ್ಪತ್ರೆ ಚೀಟಿ. ಮೂರೂ ಒಂದಕ್ಕೊಂದು ತಾಳೆ ಬಂದ್ರೆ ವಕೀಲ್ರಿಗೆ ಅರ್ಧ ಕೆಲ್ಸ ಮುಗಿದ ಹಾಗೆ. ಧಣಿಗಳ ಹತ್ರ ಹೇಳಿ ಆ ಪುಟಗಳ ಕಾಪಿ ತೆಗೆದು ಸೀಲ್ ಹಾಕಿಸಿ ಕೊಡಿ. ಹದಿನೆಂಟು ವರ್ಷದಿಂದ ಫೈಲ್ ಹೊರುವವ ನಾನು, ಆಧಾರದ ಕಾಗದ ಇಲ್ಲ ಅಂತ ಸಿಗ್ಬೇಕಾದ ಹಣ ಸಿಗದೆ ಹೋದ ಹೆಂಗಸರನ್ನು ಎಷ್ಟೋ ನೋಡಿದ್ದೇನೆ.

ಅಂಗಡಿ ಎದುರು ನಿಲ್ಲುವ ವಿಷಯಕ್ಕೆ ಅದೇ ಕಾನೂನಿನ 18ನೇ ಸೆಕ್ಷನ್. ಅವಳು ಕೆಲ್ಸ ಮಾಡುವ ಜಾಗಕ್ಕೆ ಬರ್ಬಾರ್ದು, ಫೋನ್ ಮಾಡ್ಬಾರ್ದು ಅಂತ ಆರ್ಡರ್ ಕೇಳ್ಬಹುದು. ಅರ್ಜಿಯಲ್ಲಿ ಅಂಗಡಿಯ ಹೆಸ್ರು, ಜಾಗ ಸರಿಯಾಗಿ ಬರೆಸಿ, ತುಂಬ ಜನ ಮನೆಯದ್ದು ಮಾತ್ರ ಬರೆಸಿ ಬರ್ತಾರೆ. ಆರ್ಡರ್ ಮೀರಿದ್ರೆ ಒಂದು ವರ್ಷದವರೆಗೆ ಜೈಲು ಅಥವಾ 20,000ದವರೆಗೆ ದಂಡ, ಎರಡೂ ಆಗ್ಬಹುದು. ಇಂಥ ಹೆಂಗಸರ ಸಹಾಯಕ್ಕೆ ಅಂತ ಸರ್ಕಾರ ಇಟ್ಟ ಪ್ರೊಟೆಕ್ಷನ್ ಆಫೀಸರ್ ಕಚೇರಿ ಇಲ್ಲಿ ಸಿವಿಲ್ ಸ್ಟೇಷನ್ನಲ್ಲೇ, ಅಂದ್ರೆ ಸರ್ಕಾರಿ ಕಚೇರಿಗಳ ಕಟ್ಟಡದಲ್ಲಿ, ಅರ್ಜಿ ಬರಿಲಿಕ್ಕೆ ಅವರೇ ಸಹಾಯ ಮಾಡ್ತಾರೆ. ಹೆಂಗಸರಿಗೆ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲ್ರು ಫ್ರೀ, ಆದಾಯದ ಲೆಕ್ಕ ಕೇಳ್ಲಿಕ್ಕಿಲ್ಲ. ರಾತ್ರೆ ಹೊತ್ತು ಏನಾದ್ರೂ ಆದ್ರೆ ಹೆಂಗಸರ ಸಹಾಯವಾಣಿ 181 ಅಥವಾ ತುರ್ತು ನಂಬರ್ 112ಕ್ಕೆ ಫೋನ್ ಮಾಡಿ.

ನಮ್ಮ ಕಡೆಯವರಿಗೆ ಅಂತ ಒಂದು ಮಾತು. ಸ್ಟೇಷನ್ನಲ್ಲಿ ಹೇಳಿಕೆಯನ್ನು ಮಲಯಾಳದಲ್ಲಿ ಬರ್ಕೊಳ್ತಾರೆ. ಅವಳಿಗೆ ಮಾತು ಬಂದ್ರೂ ಓದ್ಲಿಕ್ಕೆ ಬಾರದಿದ್ರೆ, ಓದಿಸಿ ಅರ್ಥ ಮಾಡಿಕೊಳ್ಳದೆ ಸೈನ್ ಹಾಕುದು ಬೇಡ. ದೂರು ಕನ್ನಡದಲ್ಲೇ ಬರೆದು ತಕೊಂಡು ಹೋಗಿ.

ಸೀತಾಂಗೋಳಿ_ಹುಡುಗ:

ಮೂರು ತಿಂಗಳು ರಜೆ ಉಂಟು ಅಂತ ಎಲ್ಲೋ ಓದಿದ ನೆನಪು, 2013ರ ಕಾನೂನಿನಲ್ಲಿ?

ವಿದ್ಯಾನಗರ_ಗುಮಾಸ್ತ:

ಅದು ಕೆಲ್ಸದ ಜಾಗದಲ್ಲಿ ಆಗುವ ಲೈಂಗಿಕ ಕಿರುಕುಳಕ್ಕೆ ತಮ್ಮಾ, ತನಿಖೆ ನಡಿಯುವಾಗ ಮೂರು ತಿಂಗಳವರೆಗೆ ಅಂತ ಇರುದು. ಮನೆಯಲ್ಲಿ ಗಂಡ ಹೊಡೆದದ್ದಕ್ಕೆ ಅದು ಬರುದಿಲ್ಲ. ಅದನ್ನು ತೋರ್ಸಿ ಕೇಳಿದ್ರೆ ಧಣಿಗಳು ಉಳಿದದ್ದನ್ನೂ ನಂಬ್ಲಿಕ್ಕಿಲ್ಲ, ಹಾಗಾಗಿ ಬೇಡ.

ಮಂಜೇಶ್ವರ_ಲೋಕಲ್:

ಇದನ್ನು ಓದಿ ಎರಡು ದಿನ ಬರಿಬೇಕಾ ಬೇಡ್ವಾ ಅಂತ ಇದ್ದೆ. ನಾನು ದಿನಾ ಬೆಳಿಗ್ಗೆ ರೈಲಲ್ಲಿ ಮಂಗಳೂರಿಗೆ ಕೆಲ್ಸಕ್ಕೆ ಹೋಗುವವಳು. ನಂದೂ ಇದೇ ಕಥೆ, ಆರು ವರ್ಷ ಹಿಂದೆ. ಜ್ವರ ಅಂದೆ, ಅತ್ತೆಗೆ ಹುಷಾರಿಲ್ಲ ಅಂದೆ, ಮಗುವಿಗೆ ವಾಂತಿ ಅಂದೆ, ಕೊನೆಗೆ ಹೇಳ್ಲಿಕ್ಕೆ ಸುಳ್ಳೇ ಉಳಿಲಿಲ್ಲ. ಆಫೀಸಿಂದ ಮೆಮೊ ಬಂತು, ಬೇಜವಾಬ್ದಾರಿ ಅಂತ ಬರೆದಿದ್ರು. ಅದನ್ನು ಓದಿ ನನ್ಗೆ ಪೆಟ್ಟಿಗಿಂತ ಹೆಚ್ಚು ನೋವಾಯ್ತು, ಯಾಕಂದ್ರೆ ನನ್ಗೆ ಸರಿಯಾಗಿ ನಡಿತಿದ್ದದ್ದು ಆ ಕೆಲ್ಸ ಒಂದೇ.

ರಜೆಗಿಂತ ಮುಂಚೆ ಬೇಕಾದ್ದು ಆ ವಿಷಯ ಹತ್ತು ಜನರಿಗೆ ಗೊತ್ತಾಗದ ಹಾಗೆ ನೋಡಿಕೊಳ್ಳುದು. ಲೀವ್ ಲೆಟರಲ್ಲಿ ಕಾರಣ ಬರಿ ಅಂದ್ರೆ ಯಾರು ಬರಿತಾರೆ? ಆ ಲೆಟರ್ ಮೇಜಿನ ಮೇಲೆ ಬಿದ್ದಿರ್ತದೆ, ಮಧ್ಯಾಹ್ನ ಊಟದ ಹೊತ್ತಿಗೆ ಎಲ್ರ ಬಾಯಲ್ಲೂ ಇರ್ತದೆ. ನಮ್ಮ ಊರು ಎಷ್ಟು ಸಣ್ಣದು ಅಂತ ನಿಮ್ಗೆ ಗೊತ್ತುಂಟಲ್ಲ, ಸಂಜೆಗೆ ಗಂಡನ ಮನೆಗೂ ಮುಟ್ತದೆ. ಒಬ್ರಿಗೆ ಮಾತ್ರ ಗೊತ್ತಿದ್ರೆ ಸಾಕು, ನಿಮ್ಮಲ್ಲಿ ಅದು ನೀವು.

ಇನ್ನೊಂದು, ಸಂಬಳ ಯಾವ ಅಕೌಂಟಿಗೆ ಹೋಗ್ತಾ ಉಂಟು ಕೇಳಿದ್ದೀರಾ? ನನ್ನ ಎಟಿಎಂ ಕಾರ್ಡ್ ಅವನ ಕಿಸೆಯಲ್ಲೇ ಇತ್ತು, ಮನೆ ಬಿಟ್ಟು ಬಂದ ಮೇಲೂ ಎರಡು ತಿಂಗಳ ಸಂಬಳ ಅವನೇ ತೆಗೆದ. ದುಡಿದ ಹಣ ಕಿತ್ಕೊಳ್ಳುದೂ ಆ 2005ರ ಕಾನೂನಿನಲ್ಲಿ ಹಿಂಸೆಯೇ. ಅವಳ ಒಬ್ಬಳ ಹೆಸ್ರಲ್ಲಿ ಹೊಸ ಅಕೌಂಟ್ ಮಾಡಿಸಿ, ಬೇರೆ ಫೋನ್ ನಂಬರ್ ಕೊಟ್ಟು. ಮತ್ತೆ ಗಡಿ ದಾಟಿ ಕೆಲ್ಸಕ್ಕೆ ಹೋಗುವವರು ಇದನ್ನು ಓದ್ತಿದ್ರೆ, ಅರ್ಜಿ ಗಂಡನ ಊರಲ್ಲೇ ಹಾಕ್ಬೇಕು ಅಂತ ಇಲ್ಲ. ಈಗ ಉಳಿದುಕೊಂಡ ಊರಲ್ಲಿ ಹಾಕ್ಬಹುದು, ಕೆಲ್ಸ ಮಾಡುವ ಊರಲ್ಲೂ ಹಾಕ್ಬಹುದು. ನಾನು ಮಂಗಳೂರಲ್ಲೇ ಹಾಕಿದ್ದು, ಕೋರ್ಟಿನ ವಾಯಿದೆ ಮುಗಿಸಿ ಮಧ್ಯಾಹ್ನ ಆಫೀಸಿಗೆ ಹೋಗ್ಲಿಕ್ಕೆ ಆಗ್ತಿತ್ತು, ಅರ್ಧ ದಿನ ಉಳಿತಿತ್ತು.

ಪೆರ್ಲದ_ಮಾಷ್ಟ್ರು:

ನನ್ನ ತಂಗಿ ನ್ಯೂಜಿಲ್ಯಾಂಡಲ್ಲಿ ನರ್ಸ್. ಅಲ್ಲಿ 2018ರಲ್ಲಿ ಕಾನೂನು ಮಾಡಿದ್ರು, 2019ರ ಎಪ್ರಿಲ್ 1ರಿಂದ ಜಾರಿಗೆ ಬಂತು. ವರ್ಷಕ್ಕೆ 10 ದಿನ ಸಂಬಳ ಸಹಿತ ರಜೆ, ಬೇರೆ ಲೀವಿಗೆ ಸೇರ್ಸುದಿಲ್ಲ, ಹಿಂಸೆ ಆದದ್ದು ಆ ಕೆಲ್ಸಕ್ಕೆ ಸೇರುವ ಮುಂಚೆ ಆದ್ರೂ ಸಿಗ್ತದೆ. ಶ್ರೀಮಂತ ದೇಶ, ಅವರಿಗೆ ಆಗ್ತದೆ ಅಂತ ಧಣಿಗಳು ಹೇಳಿಯಾರು. ಫಿಲಿಪ್ಪೀನ್ಸ್ 2004ರಲ್ಲೇ ಹೆಂಗಸರಿಗೆ 10 ದಿನ ಕೊಟ್ಟಿದೆ, ಅದು ಶ್ರೀಮಂತ ದೇಶ ಅಲ್ಲ. ಆಸ್ಟ್ರೇಲಿಯಾದಲ್ಲಿ 2023ರಿಂದ 10 ದಿನ, ಸಣ್ಣ ಅಂಗಡಿಯವರಿಗೂ ಅನ್ವಯ. 2019ರ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 190ನೇ ಒಪ್ಪಂದದಲ್ಲಿ ಮನೆಯ ಹಿಂಸೆ ಕೆಲ್ಸದ ಮೇಲೆ ಬೀರುವ ಪರಿಣಾಮವನ್ನೂ ಹೇಳಿದ್ದಾರೆ.

ನಾಳೆ ಎಲ್ರೂ ಕೇಳ್ತಾರೆ ಅಂದ್ರಲ್ಲ, ಆ ಮಾತಿನ ಬಗ್ಗೆ ನನ್ಗೆ ಸ್ವಲ್ಪ ಹೇಳ್ಲಿಕ್ಕುಂಟು. ಗಂಡ ಹೊಡಿತಾನೆ ಅಂತ ಸುಳ್ಳು ಹೇಳಿ ಎರಡು ದಿನ ಸಂಬಳ ಗಿಟ್ಟಿಸುವ ಹೆಂಗಸು ನಮ್ಮ ಊರಲ್ಲಿ ಯಾರಿದ್ದಾರೆ? ನಿಜವಾಗಿ ತಿಂದವರೇ ಹೇಳುದಿಲ್ಲ. ಬಟ್ಟೆ ಅಂಗಡಿಯವರಿಗೆ ಕೂತ್ಕೊಳ್ಳುವ ಹಕ್ಕು ಕೊಟ್ಟದ್ದೂ ಇದೇ ಕೇರಳ ಅಲ್ವಾ, 2018ರಲ್ಲಿ? ಅದಕ್ಕೆ ಮುಂಚೆ ಸ್ಟೂಲ್ ಕೊಟ್ರೆ ಯಾರೂ ಏಳ್ಲಿಕ್ಕಿಲ್ಲ ಅಂತಿದ್ರು. ಈಗ ನಿಮ್ಮ ಅಂಗಡಿಯಲ್ಲಿ ವ್ಯಾಪಾರ ನಿಂತಿದೆಯಾ?

ಕುಂಬಳೆ_ಲೆಕ್ಕದವಳು:

ಎಲ್ರಿಗೂ ತುಂಬ ಥ್ಯಾಂಕ್ಸ್, ಮಂಜೇಶ್ವರದ ಅಕ್ಕನಿಗೆ ವಿಶೇಷವಾಗಿ, ನೀವು ಬರೆದದ್ದನ್ನು ಅವಳಿಗೆ ಅಂಗಡಿ ಮುಚ್ಚಿದ ಮೇಲೆ ಓದಿ ಹೇಳಿದೆ. ಎಟಿಎಂ ಕಾರ್ಡ್ ಅವನ ಹತ್ರವೇ ಉಂಟಂತೆ. ನಿನ್ನೆ ಹೊಸ ಅಕೌಂಟ್ ಮಾಡಿಸಿ ಆಯ್ತು.

ಧಣಿಗಳ ಹತ್ರ ಪುನಃ ಮಾತಾಡಿದೆ. ರೂಲ್ ಇಲ್ಲ ಅಂತಲೇ ಹೇಳಿದೆ, ಸುಳ್ಳು ಹೇಳ್ಲಿಲ್ಲ. ಸುಮಾರು ಹೊತ್ತು ಸುಮ್ಮನೆ ಕೂತ್ರು. ಹತ್ತು ದಿನ ಆಗುದಿಲ್ಲ, ಐದು ದಿನ ಸಂಬಳ ಸಹಿತ, ಮತ್ತೆ ವಾಯಿದೆಯ ದಿನ ಬೆಳಿಗ್ಗೆ ಬಿಟ್ಟು ಮಧ್ಯಾಹ್ನದ ಮೇಲೆ ಬಂದ್ರೆ ಪೂರ್ತಿ ದಿನ ಅಂತ ಒಪ್ಪಿದ್ದಾರೆ. ಕಾರಣ ಕೇಳ್ಲಿಕ್ಕಿಲ್ಲ, ಪುಸ್ತಕದಲ್ಲಿ "ವಿಶೇಷ" ಅಂತ ಮಾತ್ರ ಬರಿಬೇಕು. ಇದು ಅವಳಿಗೆ ಒಬ್ಬಳಿಗಾ ಅಂತ ಕೇಳಿದೆ. "ಯಾರಿಗೆ ಬೇಕಾದ್ರೂ" ಅಂದ್ರು. ಹದಿನಾರು ಹೆಂಗಸರು ಇದ್ದೇವೆ ಅಂಗಡಿಯಲ್ಲಿ.

ಹಳೇ ಕೆಂಪು ಗುರುತು ಹಾಗೇ ಬಿಟ್ಟಿದ್ದೇನೆ, ಹನ್ನೊಂದು ಪುಟ ಕಾಪಿ ತೆಗೆದು ಸೀಲ್ ಹಾಕಿಸಿದ್ದೇನೆ. ಬುಧವಾರ ಹತ್ತು ಗಂಟೆಗೆ ಸಿವಿಲ್ ಸ್ಟೇಷನಿಗೆ ಹೋಗುದು. ಅವಳಿಗೆ ಒಬ್ಬಳೇ ಹೋಗ್ಲಿಕ್ಕೆ ಧೈರ್ಯ ಇಲ್ಲ, ಹಾಗಾಗಿ ನಾನೂ ಅರ್ಧ ದಿನ ಲೀವ್ ಹಾಕಿದ್ದೇನೆ. ಗುಮಾಸ್ತಣ್ಣ, ಕಾಪಿ ಎಷ್ಟು ಸೆಟ್ ಬೇಕಾದೀತು?

ವಿದ್ಯಾನಗರ_ಗುಮಾಸ್ತ:

ಮೂರು ಸೆಟ್ ತನ್ನಿ. ಒಂದು ಅವಳ ತಾಯಿಮನೆಯಲ್ಲಿ ಅಲ್ಲ, ನಿಮ್ಮ ಹತ್ರ ಇರ್ಲಿ.