ಮಗಳಿಗೆ ಗೇಮಿಂಗ್ ಪಿಸಿ: 40 ಪರ್ಸೆಂಟ್ ಡಿಸ್ಕೌಂಟ್ ನಂಬಬಹುದಾ?

ರಾಣೆಬೆನ್ನೂರು_ಮಾಸ್ತರ

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಕಂಪ್ಯೂಟರ್ ಬಳಸುವುದು ಗೊತ್ತು, ಅದರ ಹೊಟ್ಟೆಯೊಳಗೆ ಏನೇನಿದೆ ಅಂತ ಗೊತ್ತಿಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಮಗಳು ಇಂಜಿನಿಯರಿಂಗ್ ಮೂರನೇ ವರ್ಷ. ದಿನಾ ರೈಲಿನಲ್ಲಿ ದಾವಣಗೆರೆಗೆ ಹೋಗಿ ಬರುತ್ತಾಳೆ. ಬ್ಲೆಂಡರ್ ಅನ್ನುವ ಸಾಫ್ಟ್‌ವೇರ್‌ನಲ್ಲಿ ತ್ರೀಡಿ ಚಿತ್ರ ಮಾಡುವುದೆಂದರೆ ಅವಳಿಗೆ ಊಟ ನಿದ್ದೆ ಬೇಡ. ರಾತ್ರಿ ಗೆಳತಿಯರ ಜೊತೆ ವ್ಯಾಲರಂಟ್ ಅನ್ನುವ ಗೇಮ್ ಆಡುತ್ತಾಳೆ. ಈಗ ಇರುವುದು ಆರು ವರ್ಷದ ಹಳೆ ಲ್ಯಾಪ್‌ಟಾಪ್. ಒಂದು ಸಣ್ಣ ಮನೆಯ ಚಿತ್ರ ರೆಂಡರ್‌ಗೆ, ಅಂದರೆ ಪೂರ್ತಿ ಚಿತ್ರವಾಗಿ ತಯಾರಾಗಲು, ಹಾಕಿದರೆ ಬೆಳಗಿನ ತನಕ ಓಡುತ್ತದೆ. ಅದರ ಫ್ಯಾನಿನ ಸದ್ದಿಗೆ ಪಕ್ಕದ ಕೋಣೆಯಲ್ಲಿ ನನಗೆ ಎಚ್ಚರವಾಗುತ್ತದೆ. ಹೋದ ವಾರ ಅಡಿಭಾಗ ಬಿಸಿಯಾಗುತ್ತದೆ ಅಂತ ಎರಡು ಸ್ಟೀಲ್ ಬಟ್ಟಲು ಬೋರಲು ಹಾಕಿ, ಅದರ ಮೇಲೆ ಲ್ಯಾಪ್‌ಟಾಪ್ ಇಟ್ಟು ಕೆಲಸ ಮಾಡುತ್ತಿದ್ದಳು. ಅದನ್ನು ನೋಡಿದ ಮೇಲೆ ಇನ್ನು ತಡ ಮಾಡಬಾರದು ಅನಿಸಿತು.

ಮನೆಪಾಠ ಹೇಳಿ ಕೂಡಿಟ್ಟ 18 ಸಾವಿರ ಅವಳೇ ಕೊಡುತ್ತಾಳೆ. ಉಳಿದದ್ದು ನನ್ನದು. 80 ಸಾವಿರದ ಒಳಗೆ ಆಗಬೇಕು. ಮಾನಿಟರ್ ಬೇಡ. ಅವಳ ಸೋದರಮಾವ 24 ಇಂಚಿನ 165 ಹರ್ಟ್ಸ್ ಮಾನಿಟರ್ ಕೊಡಿಸಿದ್ದಾರೆ.

ಎರಡು ಆಫರ್ ಕಣ್ಣಿಗೆ ಬಿದ್ದಿವೆ.

ಮೊದಲನೆಯದು ಆನ್‌ಲೈನ್, ಗಣರಾಜ್ಯೋತ್ಸವದ ಸೇಲ್. ಇಂಟೆಲ್ ಐ5 12400ಎಫ್, ಆರ್‌ಟಿಎಕ್ಸ್ 4060 8 ಜಿಬಿ ಗ್ರಾಫಿಕ್ಸ್ ಕಾರ್ಡ್, 16 ಜಿಬಿ ರ‍್ಯಾಮ್, 1 ಟಿಬಿ ಎಸ್‌ಎಸ್‌ಡಿ, ನಾಲ್ಕು ಬಣ್ಣದ ಫ್ಯಾನು, ವಿಂಡೋಸ್ 11. ಬೆಲೆ 1,24,990 ಅಂತ ಬರೆದು ಗೆರೆ ಹೊಡೆದು ಪಕ್ಕದಲ್ಲಿ 74,990 ಅಂತ ಹಾಕಿದ್ದಾರೆ. ಅಂದರೆ 50 ಸಾವಿರ ಕಡಿಮೆ.

ಎರಡನೆಯದು ನಮ್ಮ ಕಡೆಯದೇ ಒಂದು ಅಂಗಡಿ. ಐ7 ಪ್ರೊಸೆಸರ್, 32 ಜಿಬಿ ರ‍್ಯಾಮ್, 1 ಟಿಬಿ ಎಸ್‌ಎಸ್‌ಡಿ, 4 ಜಿಬಿ ಗ್ರಾಫಿಕ್ಸ್ ಕಾರ್ಡ್, ಕೀಬೋರ್ಡ್ ಮೌಸ್ ಸೇರಿ 38 ಸಾವಿರ. ಐ5ಗಿಂತ ಐ7 ದೊಡ್ಡದು, 16ಕ್ಕಿಂತ 32 ದೊಡ್ಡದು. ಬೆಲೆ ಮಾತ್ರ ಅರ್ಧ. ಲೆಕ್ಕ ಎಲ್ಲೋ ತಾಳೆ ಆಗುತ್ತಿಲ್ಲ. ಮಗಳು ಬೇಡವೇ ಬೇಡ ಅನ್ನುತ್ತಾಳೆ. ಯಾಕೆ ಅಂತ ಕೇಳಿದರೆ, "ಅಪ್ಪಾ, ಅದು ಹಳೇದು" ಅಂತಷ್ಟೇ ಹೇಳಿ ಹೋಗುತ್ತಾಳೆ.

ದುಡ್ಡು ಕೊಡುವ ಮೊದಲು ನಾನು ಏನು ಕೇಳಬೇಕು? ತಿಳಿದವರು ಬಿಡಿಸಿ ಹೇಳಿ.

ಜಯನಗರ_ಗೇಮರ್

ಸರ್, ರೆಡಿ ಪಿಸಿ ಬೇಡ. ಒಂದು ದಿನ ಬಿಡುವು ಮಾಡಿಕೊಂಡು ಬೆಂಗಳೂರಿಗೆ ಬನ್ನಿ. ಎಸ್.ಪಿ. ರೋಡಿನಲ್ಲಿ ನಾಲ್ಕು ಅಂಗಡಿ ಸುತ್ತಿ ಕೊಟೇಷನ್ ಬರೆಸಿಕೊಳ್ಳಿ. ಪ್ರತಿ ಭಾಗವೂ ನಿಮ್ಮ ಕಣ್ಣೆದುರೇ ಡಬ್ಬ ಒಡೆದು ಜೋಡಿಸುತ್ತಾರೆ. ಒಂದೊಂದಕ್ಕೂ ಬೇರೆ ಬೇರೆ ವಾರಂಟಿ ಸಿಗುತ್ತದೆ. ಗ್ರಾಫಿಕ್ಸ್ ಕಾರ್ಡಿಗೆ ಸಾಮಾನ್ಯವಾಗಿ 3 ವರ್ಷ, ಡಬ್ಬದಲ್ಲಿ ಬರುವ ಇಂಟೆಲ್ ಪ್ರೊಸೆಸರ್‌ಗೆ 3 ವರ್ಷ. ರೆಡಿ ಪಿಸಿಗೆ ಎಷ್ಟೋ ಸಲ ಒಟ್ಟಾಗಿ ಒಂದೇ ವರ್ಷ ಕೊಟ್ಟು ಕೈ ತೊಳೆದುಕೊಳ್ಳುತ್ತಾರೆ.

ರ‍್ಯಾಮ್ 8 ಜಿಬಿಯ ಎರಡು ಸ್ಟಿಕ್ ಹಾಕಿಸಿ. 16ರ ಒಂದೇ ಸ್ಟಿಕ್ ಬೇಡ. ಎರಡಿದ್ದರೆ ಡ್ಯುಯಲ್ ಚಾನಲ್‌ನಲ್ಲಿ, ಅಂದರೆ ಎರಡೂ ಒಟ್ಟಿಗೆ ಓಡುತ್ತವೆ, ಗೇಮಿನಲ್ಲಿ ವ್ಯತ್ಯಾಸ ಕಾಣುತ್ತದೆ.

ದಾವಣಗೆರೆ_ರಿಪೇರಿ

ಮೇಷ್ಟ್ರೇ, ನಾನು ಎಸ್.ಪಿ. ರೋಡಿನಲ್ಲಿ ಒಂಬತ್ತು ವರ್ಷ ಪಿಸಿ ಜೋಡಿಸುವ ಕೆಲಸ ಮಾಡಿ ಈಗ ಊರಲ್ಲೇ ರಿಪೇರಿ ಅಂಗಡಿ ಇಟ್ಟುಕೊಂಡಿದ್ದೇನೆ. ಮಗಳು ಹೇಳಿದ್ದು ಸರಿ.

ಐ7 ಅನ್ನುವುದು ಹೆಸರಷ್ಟೇ. ಯಾವ ಜನರೇಷನ್ ಅಂತ ಕೇಳಬೇಕು. 10ನೇ ಕ್ಲಾಸಿನ ಹುಡುಗ ಅಂದರೆ ಯಾವ ವರ್ಷದ ಬ್ಯಾಚ್ ಅಂತ ನೀವು ಕೇಳುವುದಿಲ್ವಾ, ಹಾಗೆ. ಐ7 ಮುಂದೆ 3770 ಅಂತಿದ್ದರೆ ಅದು 2012ರದು. 4770 ಅಂತಿದ್ದರೆ 2013ರದು. ಅದರಲ್ಲಿ ಹಾಕುವ ರ‍್ಯಾಮ್ ಹಳೆ ಬಗೆಯ ಡಿಡಿಆರ್3, ಈಗ ಹೊಸ ಪಿಸಿಗೆ ಯಾರೂ ಹಾಕುವುದಿಲ್ಲ. ಅದಕ್ಕೇ 32 ಜಿಬಿ ಅಷ್ಟು ಧಾರಾಳವಾಗಿ ಕೊಡುತ್ತಾರೆ. 4 ಜಿಬಿ ಕಾರ್ಡ್ ಅಂದರೆ ಜಿಟಿ 730 ಇದ್ದರೂ ಇರಬಹುದು. ಅದು 2014ರ ಕಾರ್ಡು. ಪರದೆಗೆ ಚಿತ್ರ ಬರಿಸುತ್ತದೆ, ಗೇಮಿಗೆ ಆಗುವುದಿಲ್ಲ. ಕಾರ್ಡಿನಲ್ಲಿ ಎಷ್ಟು ಜಿಬಿ ಅನ್ನುವುದಕ್ಕಿಂತ ಯಾವ ಕಾರ್ಡು ಅನ್ನುವುದು ಮುಖ್ಯ.

ಇನ್ನೊಂದು ಮಾತು. ವಿಂಡೋಸ್ 11ಕ್ಕೆ ಇಂಟೆಲ್‌ನಲ್ಲಿ 8ನೇ ಜನರೇಷನ್ನಿಂದ ಮೇಲಿನದು ಬೇಕು ಅಂತ ಮೈಕ್ರೋಸಾಫ್ಟ್ ಹೇಳುತ್ತದೆ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ರಲ್ಲಿ ವ್ಯಾಲರಂಟ್ ಓಡಬೇಕಾದರೆ ಟಿಪಿಎಂ 2.0, ಸೆಕ್ಯೂರ್ ಬೂಟ್ ಅನ್ನುವ ಭದ್ರತಾ ವ್ಯವಸ್ಥೆಗಳು ಎರಡೂ ಇರಬೇಕು. ಆ 38 ಸಾವಿರದ ಪಿಸಿ ಮನೆಗೆ ತಂದರೆ ಮಗಳು ಮೊದಲ ದಿನವೇ ಕಣ್ಣೀರು ಹಾಕುತ್ತಾಳೆ.

ಈಗ 74,990ರ ಪಿಸಿಗೆ ಬರೋಣ. ಬೆಂಗಳೂರಿನ ಗೆಳೆಯರು ಹೇಳಿದ್ದು ಎರಡು ವರ್ಷದ ಹಿಂದೆ ಆಗಿದ್ದರೆ ನಾನೂ ಹೇಳುತ್ತಿದ್ದೆ. ಆದರೆ 2025ರ ಕೊನೆಯಿಂದ ರ‍್ಯಾಮ್ ಬೆಲೆ ಮೇಲೇರಿದೆ. ಎಐ ಡೇಟಾ ಸೆಂಟರ್‌ಗಳಿಗೇ ಮೆಮೊರಿ ಚಿಪ್ ಹೋಗುತ್ತಿದೆ. ಮೆಮೊರಿ ಚಿಪ್ ಮಾಡುವ ಮೈಕ್ರಾನ್ ಕಂಪನಿ 2025ರ ಡಿಸೆಂಬರ್‌ನಲ್ಲಿ ತನ್ನ ಕ್ರೂಷಿಯಲ್ ಬ್ರ್ಯಾಂಡಿನ ರ‍್ಯಾಮ್, ಎಸ್‌ಎಸ್‌ಡಿ ವ್ಯಾಪಾರ ನಿಲ್ಲಿಸುವುದಾಗಿಯೇ ಹೇಳಿಬಿಟ್ಟಿತು. ಹಾಗಾಗಿ ಹಳೆ ಬೆಲೆಯ ರ‍್ಯಾಮ್ ತುಂಬಿಸಿಟ್ಟ ರೆಡಿ ಪಿಸಿ ಒಮ್ಮೊಮ್ಮೆ ಬಿಡಿಬಿಡಿಯಾಗಿ ಕೊಳ್ಳುವುದಕ್ಕಿಂತ ಅಗ್ಗಕ್ಕೆ ಸಿಗುತ್ತಿದೆ. ಗೆರೆ ಹೊಡೆದ 1,24,990 ಅನ್ನು ಮರೆತುಬಿಡಿ. ಆ ಬೆಲೆಗೆ ಯಾರೂ ಕೊಂಡಿರುವುದಿಲ್ಲ. ಇದೇ ಭಾಗಗಳನ್ನು ಬಿಡಿಯಾಗಿ ಕೊಂಡರೆ ಇವತ್ತು ಎಷ್ಟಾಗುತ್ತದೆ ಅಂತ ಎರಡು ಅಂಗಡಿಯಲ್ಲಿ ಬರೆಸಿಕೊಳ್ಳಿ. ಆ ಮೊತ್ತಕ್ಕೂ 74,990ಕ್ಕೂ ಇರುವ ವ್ಯತ್ಯಾಸವೇ ನಿಮ್ಮ ಡಿಸ್ಕೌಂಟು.

ಜಾಹೀರಾತಿನಲ್ಲಿ ಏನು ಬರೆದಿದ್ದಾರೆ ಅನ್ನುವುದನ್ನು ಎಲ್ಲರೂ ಓದುತ್ತಾರೆ. ನೀವು ಬರೆಯದೆ ಬಿಟ್ಟದ್ದನ್ನು ಕೇಳಿ. ನಾಲ್ಕು ಫ್ಯಾನಿನ ಬಣ್ಣ ಬರೆದಿದ್ದಾರೆ. ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಎಸ್‌ಎಂಪಿಎಸ್ ಯಾವುದು ಅಂತ ಬರೆದಿಲ್ಲ. ಮದರ್‌ಬೋರ್ಡ್ ಬರೆದಿಲ್ಲ. ರ‍್ಯಾಮ್ ಎಷ್ಟು ಸ್ಟಿಕ್, ಎಸ್‌ಎಸ್‌ಡಿ ವೇಗದ ಎನ್‌ವಿಎಂಇ ಬಗೆಯದು ಹೌದೋ ಅಲ್ಲವೋ ಅಂತಲೂ ಬರೆದಿಲ್ಲ. ಮಾರುವವರು ದುಡ್ಡು ಉಳಿಸುವುದು ಅಲ್ಲೇ.

ಅದರಲ್ಲೂ ಎಸ್‌ಎಂಪಿಎಸ್ ಬಗ್ಗೆ ಕೈ ಮುಗಿದು ಹೇಳುತ್ತೇನೆ, ಅದನ್ನು ಬಿಡಬೇಡಿ. ಹೋದ ಮಳೆಗಾಲದಲ್ಲಿ ಒಬ್ಬ ಹುಡುಗ ಪಿಸಿ ಹೊತ್ತುಕೊಂಡು ಬಂದ. ಬ್ರೌಸಿಂಗ್ ಮಾಡುವಾಗ ಸರಿ ಇರುತ್ತದೆ, ಗೇಮ್ ಶುರುವಾದ ಹತ್ತು ನಿಮಿಷಕ್ಕೆ ಟಪ್ ಅಂತ ಆಫ್. ವಿಂಡೋಸ್ ಮೂರು ಸಲ ಹಾಕಿಸಿದ್ದನಂತೆ. ನಾನು ಎಸ್‌ಎಂಪಿಎಸ್ ಬಿಚ್ಚಿ ಕೈಗೆ ತೆಗೆದುಕೊಂಡೆ. ಖಾಲಿ ಡಬ್ಬದ ಹಾಗೆ ಹಗುರ. ಮೇಲೆ 500 ವ್ಯಾಟ್ ಅಂತ ಸ್ಟಿಕರ್. ಮುಚ್ಚಳ ತೆಗೆದರೆ ಎರಡು ಕೆಪಾಸಿಟರ್ ತಲೆ ಉಬ್ಬಿ, ಒಂದರ ಬುಡದಲ್ಲಿ ಕಂದು ಬಣ್ಣದ ಅಂಟು ಒಸರಿತ್ತು. ಮೂಗಿಗೆ ಸುಟ್ಟ ಮೀನಿನಂಥ ವಾಸನೆ. ಪುಣ್ಯಕ್ಕೆ ಕಾರ್ಡು ಉಳಿದಿತ್ತು.

4060 ಕಾರ್ಡಿಗೆ 115 ವ್ಯಾಟ್ ಸಾಕು, 12400ಎಫ್ ಜೋರಾಗಿ ಓಡಿದರೆ 117 ವ್ಯಾಟ್. ಎಲ್ಲ ಕೂಡಿದರೂ 300ರ ಆಸುಪಾಸು. ಎನ್‌ವಿಡಿಯಾ ಈ ಕಾರ್ಡಿಗೆ 550 ವ್ಯಾಟಿನ ಎಸ್‌ಎಂಪಿಎಸ್ ಹಾಕಿ ಅನ್ನುತ್ತದೆ. ಕಂಪನಿ ಹೆಸರಿರುವ, 80 ಪ್ಲಸ್ ಬ್ರಾಂಜ್ ಅನ್ನುವ ದಕ್ಷತೆಯ ಗುರುತಿರುವ 550 ಇದ್ದರೆ ನೆಮ್ಮದಿ.

ರ‍್ಯಾಮ್ ವಿಷಯದಲ್ಲಿ ಒಂದು ಭಿನ್ನಾಭಿಪ್ರಾಯ. ಗೇಮಿಗೆ 8 ಮತ್ತು 8 ಒಳ್ಳೆಯದು, ನಿಜ. ಆದರೆ ಈ ದರದ ಪಿಸಿಯಲ್ಲಿ ಎಚ್610 ಅನ್ನುವ ಮದರ್‌ಬೋರ್ಡ್ ಇರುವ ಸಾಧ್ಯತೆ ಜಾಸ್ತಿ. ಅದರಲ್ಲಿ ರ‍್ಯಾಮಿಗೆ ಎರಡೇ ಸ್ಲಾಟು. ಬ್ಲೆಂಡರ್ ಮಾಡುವವರಿಗೆ ಮುಂದೆ 32 ಬೇಕೇ ಬೇಕಾಗುತ್ತದೆ. ಎರಡೂ ಸ್ಲಾಟಿಗೆ 8 ಹಾಕಿಬಿಟ್ಟರೆ ಆಗ ಎರಡನ್ನೂ ಕಿತ್ತು ಹಾಕಬೇಕು. ಮಗಳಿಗೆ 16ರ ಒಂದೇ ಸ್ಟಿಕ್ ಇರಲಿ. ಬೆಲೆ ಇಳಿದಾಗ ಇನ್ನೊಂದು ಸೇರಿಸಿ.

ಕಂತಿನಲ್ಲಿ ಕೊಳ್ಳುವುದಾದರೆ, ನೋ ಕಾಸ್ಟ್ ಇಎಂಐ ಅಂದರೂ ಬಡ್ಡಿಯ ಮೇಲೆ 18 ಪರ್ಸೆಂಟ್ ಜಿಎಸ್‌ಟಿ ಬ್ಯಾಂಕು ಹಾಕುತ್ತದೆ, ಪ್ರೊಸೆಸಿಂಗ್ ಫೀ ಬೇರೆ. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

ರಾಣೆಬೆನ್ನೂರು_ಮಾಸ್ತರ

ತುಂಬಾ ಉಪಕಾರ ಆಯಿತು. ನಿನ್ನೆ ಶಾಲೆ ಬಿಟ್ಟ ಮೇಲೆ ಆ ಅಂಗಡಿಗೆ ಹೋಗಿ ಪ್ರೊಸೆಸರ್ ನಂಬರ್ ತೋರಿಸಿ ಅಂದೆ. ಐ7 4770. ಕಾರ್ಡು ಜಿಟಿ 730. ನೀವು ಇಲ್ಲೇ ಕುಳಿತು ಹೇಳಿದ್ದೇ ನಿಜವಾಯಿತು. ಅದನ್ನು ಕೈಬಿಟ್ಟೆ.

ಆನ್‌ಲೈನಿನವರಿಗೆ ಚಾಟ್‌ನಲ್ಲಿ ಬರೆದೆ. ಬೋರ್ಡು ಎಚ್610, ರ‍್ಯಾಮ್ ಡಿಡಿಆರ್4 3200 ಒಂದೇ ಸ್ಟಿಕ್, ಎಸ್‌ಎಸ್‌ಡಿ ಎನ್‌ವಿಎಂಇ. ಎಸ್‌ಎಂಪಿಎಸ್ ಕೇಳಿದರೆ "ಗೇಮಿಂಗ್ ಎಸ್‌ಎಂಪಿಎಸ್ 450 ವ್ಯಾಟ್" ಅಂದರು. ಕಂಪನಿ ಯಾವುದು, 80 ಪ್ಲಸ್ ಇದೆಯಾ ಅಂತ ಮತ್ತೆ ಕೇಳಿದೆ. ಅರ್ಧ ದಿನ ಉತ್ತರ ಬರಲಿಲ್ಲ. ಆಮೇಲೆ, 2,300 ಜಾಸ್ತಿ ಕೊಟ್ಟರೆ 550 ವ್ಯಾಟಿನ ಬ್ರಾಂಜ್ ಹಾಕಿಕೊಡುತ್ತೇವೆ ಅಂದರು. ಒಟ್ಟು 77,290.

ಇದೇ ಭಾಗಗಳಿಗೆ ಎರಡು ಅಂಗಡಿಯಲ್ಲಿ ಬರೆಸಿದೆ. ಕಡಿಮೆ ಹೇಳಿದವರದು 81,000. ಅಂದರೆ ನಿಜವಾದ ಡಿಸ್ಕೌಂಟು 3,710 ರೂಪಾಯಿ. 50 ಸಾವಿರ ಅಲ್ಲ. ಆದರೂ 3,710 ರೂಪಾಯಿ ಸಣ್ಣದೇನಲ್ಲ, ಬಜೆಟ್ಟಿನ ಒಳಗೂ ಬಂತು. ತೆಗೆದುಕೊಳ್ಳಬಹುದಲ್ವಾ?

ದಾವಣಗೆರೆ_ರಿಪೇರಿ

ತೆಗೆದುಕೊಳ್ಳಿ ಮೇಷ್ಟ್ರೇ. ಎಸ್‌ಎಂಪಿಎಸ್ ಮಾತನ್ನು ಬಿಲ್ಲಿನಲ್ಲೇ ಬರೆಸಿ. ಚಾಟ್‌ನ ಫೋಟೋ ತೆಗೆದಿಡಿ. ಕಾರ್ಡು, ಬೋರ್ಡು, ಪ್ರೊಸೆಸರ್ ಇವುಗಳ ಸೀರಿಯಲ್ ನಂಬರ್ ಕೇಳಿ.

ಪಾರ್ಸೆಲ್ ಬಂದಾಗ ಮೊದಲ ಕತ್ತರಿಯಿಂದ ಕೊನೆ ತನಕ ವಿಡಿಯೋ ಮಾಡಿ. ಬಂದ ತಕ್ಷಣ ಪ್ಲಗ್ ಹಾಕಬೇಡಿ. ಪಕ್ಕದ ಗಾಜು ತೆಗೆದು ನೋಡಿ, ಒಳಗೆ ಫೋಮ್ ತುಂಬಿರುತ್ತಾರೆ. ಅದನ್ನು ತೆಗೆಯದೆ ಆನ್ ಮಾಡಿದರೆ ಫ್ಯಾನ್ ತಿರುಗುವುದಿಲ್ಲ. ಕಾರ್ಡು ಸ್ಲಾಟಿನಲ್ಲಿ ನೆಟ್ಟಗೆ ಕೂತಿದೆಯಾ, ಪ್ರೊಸೆಸರ್ ಮೇಲಿನ ಕೂಲರ್ ಅಲ್ಲಾಡುತ್ತದಾ ನೋಡಿ. ಆನ್ ಆದ ಮೇಲೆ ಜಿಪಿಯು-ಝಡ್ ಅನ್ನುವ ಸಾಫ್ಟ್‌ವೇರ್ ಹಾಕಿ, 4060 ಆದರೆ ಶೇಡರ್ಸ್ ಅನ್ನುವಲ್ಲಿ 3072 ಇರಬೇಕು. ಎಸ್‌ಎಸ್‌ಡಿ ಹೊಸದೋ ಹಳೇದೋ ಅಂತ ಕ್ರಿಸ್ಟಲ್‌ಡಿಸ್ಕ್‌ಇನ್ಫೋದಲ್ಲಿ ಎಷ್ಟು ಗಂಟೆ ಓಡಿದೆ ನೋಡಿದರೆ ತಿಳಿಯುತ್ತದೆ. ಅವರು ಬೇರೆ ಭಾಗ ಹಾಕಿ ಕಳಿಸಿದ್ದು, ಬದಲಿಸಲು ಒಪ್ಪದಿದ್ದರೆ ಗ್ರಾಹಕರ ಸಹಾಯವಾಣಿ 1915 ಇದೆ.

ಹಾಸನದಿಂದ_ಸುಮ್ನೆ

ಸರ್, ಪಿಸಿ ಬರುವ ಮೊದಲು ಮನೆಯ ಅರ್ಥಿಂಗ್ ಒಮ್ಮೆ ಚೆಕ್ ಮಾಡಿಸಿ. ಇದನ್ನು ಯಾರೂ ಹೇಳುವುದಿಲ್ಲ. ನಮ್ಮದು ಹಳೆ ಮನೆ. ಮೂರು ಪಿನ್ ಸಾಕೆಟ್ ಇತ್ತು, ಮೂರನೇ ತೂತಿಗೆ ವೈರೇ ಇರಲಿಲ್ಲ. ಬರಿಗಾಲಲ್ಲಿ ನಿಂತು ಕ್ಯಾಬಿನೆಟ್ ಮುಟ್ಟಿದರೆ ಬೆರಳ ತುದಿ ಜುಮ್ ಅನ್ನುತ್ತಿತ್ತು. ಪಿಸಿಯೇ ಕೆಟ್ಟಿದೆ ಅಂದುಕೊಂಡು ವಾಪಸ್ ಕಳಿಸುವುದರಲ್ಲಿದ್ದೆ. ಎಲೆಕ್ಟ್ರಿಷಿಯನ್ ಬಂದು ಅರ್ಥ್ ವೈರ್ ಎಳೆದ ಮೇಲೆ ಒಮ್ಮೆಯೂ ಹೊಡೆದಿಲ್ಲ.

ಯುಪಿಎಸ್ 600 ವಿಎ ಸಾಕು ಅಂತ ಅಂಗಡಿಯವರು ಕೊಡುತ್ತಾರೆ. ಅದು ಕೊಡುವುದು ಸುಮಾರು 360 ವ್ಯಾಟ್. ಪಿಸಿ, ಮಾನಿಟರ್ ಎರಡೂ ಸೇರಿ ಗೇಮ್ ನಡೆಯುವಾಗ ಕರೆಂಟ್ ಹೋದರೆ ತಡೆಯುವುದು ಕಷ್ಟ. ನಾನು 1100 ವಿಎ ಇಟ್ಟಿದ್ದೇನೆ. ಕೆಲಸ ಸೇವ್ ಮಾಡಿ ನೆಮ್ಮದಿಯಾಗಿ ಆಫ್ ಮಾಡುವಷ್ಟು ಹೊತ್ತು ಸಿಗುತ್ತದೆ. ರಾತ್ರಿಯಿಡೀ ರೆಂಡರ್‌ಗೆ ಹಾಕುವ ಮಗಳಿಗೆ ಇದು ಬೇಕೇ ಬೇಕು.

ರಾಣೆಬೆನ್ನೂರು_ಮಾಸ್ತರ

ಪಿಸಿ ಬಂತು. ಹೇಳಿದ್ದೆಲ್ಲ ಮಾಡಿದೆವು. ಮಗಳು ಗಾಜು ತೆಗೆದಳು, ನಾನು ವಿಡಿಯೋ ಹಿಡಿದೆ. ಒಳಗೆ ದೊಡ್ಡ ದಿಂಬಿನ ಹಾಗೆ ಫೋಮ್ ಇತ್ತು. ಕಾರ್ಡಿಗೆ ತಾಗದಂತೆ ಎರಡೂ ಕೈಯಲ್ಲಿ ಮೆಲ್ಲಗೆ ಎಳೆದಳು. ಎಸ್‌ಎಂಪಿಎಸ್ ಸ್ಟಿಕರಿನಲ್ಲಿ 550, ಬ್ರಾಂಜ್ ಎರಡೂ ಇದೆ. 3072 ಸರಿಯಾಗಿದೆ. ಎಸ್‌ಎಸ್‌ಡಿ 3 ಗಂಟೆ ಓಡಿದೆ. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಇರಲಿಲ್ಲ, ಕೇಳಿದ ಮೇಲೆ ಕಳಿಸಿದರು.

ಮೊದಲ ಸಲ ಆನ್ ಮಾಡಿದಾಗ ಪರದೆ ಕಪ್ಪಗೇ ಇತ್ತು. ನನ್ನ ಎದೆ ಝಲ್ ಅಂದಿತು. ನಾನೇ ಕೇಬಲ್ಲನ್ನು ಮೇಲಿನ ಬೋರ್ಡಿನ ತೂತಿಗೆ ಹಾಕಿದ್ದೆ. 12400ಎಫ್‌ನಲ್ಲಿ ಎಫ್ ಅಂದರೆ ಪ್ರೊಸೆಸರಿನೊಳಗೆ ಗ್ರಾಫಿಕ್ಸ್ ಇಲ್ಲ, ಕೆಳಗಿನ ಕಾರ್ಡಿಗೇ ಹಾಕಬೇಕು ಅಂತ ಮಗಳು ಹೇಳಿ ಬದಲಿಸಿದಳು. ಚಿತ್ರ ಬಂತು.

ರಾತ್ರಿಯಿಡೀ ತೆಗೆದುಕೊಳ್ಳುತ್ತಿದ್ದ ಅದೇ ಮನೆಯ ಚಿತ್ರವನ್ನು ರೆಂಡರ್‌ಗೆ ಹಾಕಿದಳು. ನಾನು ಚಹಾ ಮಾಡಿಕೊಂಡು ಬರುವಷ್ಟರಲ್ಲಿ ಮುಗಿದಿತ್ತು. ಕಿಟಕಿಯಿಂದ ಬಿಸಿಲು ಒಳಗೆ ಬಿದ್ದ ಹಾಗಿದೆ, ನೆಲದ ಮೇಲೆ ಸರಳಿನ ನೆರಳು. ನಮ್ಮ ತಾಯಿ ಇದ್ದ ಮನೆ ಅದು. ಮಗಳು ನೆನಪಿನಿಂದಲೇ ಮಾಡಿದ್ದಾಳೆ.

ಅರ್ಥಿಂಗ್ ಆಯಿತು. ಯುಪಿಎಸ್ ಮುಂದಿನ ಸಂಬಳಕ್ಕೆ. ಒಂದೇ ಒಂದು ಅನುಮಾನ. ಮಾನಿಟರ್ 165 ಅಂತಿದೆ, ಒಳಗೆ 60 ಅಂತ ತೋರಿಸುತ್ತಿದೆ. ಏನು ಮಾಡಬೇಕು?

ದಾವಣಗೆರೆ_ರಿಪೇರಿ

ಎಚ್‌ಡಿಎಂಐ ಬದಲು ಡಿಸ್‌ಪ್ಲೇಪೋರ್ಟ್ ಕೇಬಲ್ ಹಾಕಿ. ಆಮೇಲೆ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇಗೆ ಹೋಗಿ. ರಿಫ್ರೆಶ್ ರೇಟ್, ಅಂದರೆ ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ, ಅನ್ನುವಲ್ಲಿ 165 ಆರಿಸಿ. ವಿಂಡೋಸ್ ತಾನಾಗಿ ಏರಿಸದೆ 60ರಲ್ಲೇ ಬಿಟ್ಟಿರುತ್ತದೆ.

ರಾಣೆಬೆನ್ನೂರು_ಮಾಸ್ತರ

ಕೇಬಲ್ ಮಾನಿಟರಿನ ಡಬ್ಬದಲ್ಲೇ ಇತ್ತು. ಈಗ 165 ತೋರಿಸುತ್ತಿದೆ. ಮಗಳು ಮೌಸ್ ಆಡಿಸಿ ಆಡಿಸಿ ನೋಡುತ್ತಿದ್ದಾಳೆ.