ಮೇಪಲ್ ರಸಕ್ಕೆ ಆರ್‌ಒ: 3.5 ಬ್ರಿಕ್ಸ್ ದಾಟುತ್ತಿಲ್ಲ, ಪಂಪ್ ಬದಲಿಸಬೇಕೇ?

ಒಟ್ಟಾವಾ_ಹಿತ್ತಿಲು:

ಒಂಟಾರಿಯೊ, ಒಟ್ಟಾವಾ ಹತ್ತಿರ. ಸಿರಪ್ ಮಾಡಲು ಮರಗಳಿಗೆ 20 ಟ್ಯಾಪ್ (ರಸ ಇಳಿಸುವ ನಳಿಕೆ) ಹಾಕಿದ್ದೇನೆ, ಎಲ್ಲವೂ ಶುಗರ್ ಮೇಪಲ್. ರಾತ್ರಿ ಮೈನಸ್ 5, ಹಗಲು ಪ್ಲಸ್ 5 ಇರುವ ದಿನ 80ರಿಂದ 100 ಲೀಟರ್ ರಸ ಬೀಳುತ್ತದೆ. ಸಕ್ಕರೆ ಅಳೆಯುವ ರಿಫ್ರಾಕ್ಟೋಮೀಟರ್‌ನಲ್ಲಿ 2 ಬ್ರಿಕ್ಸ್, ಅಂದರೆ ತೂಕದಲ್ಲಿ ನೂರಕ್ಕೆ 2 ಪಾಲು ಸಕ್ಕರೆ. ಪ್ರೊಪೇನ್ ಒಲೆ ಮೇಲಿನ ಚಪ್ಪಟೆ ಪ್ಯಾನ್ ಗಂಟೆಗೆ 8 ಲೀಟರ್‌ಗಿಂತ ಹೆಚ್ಚು ನೀರು ಆರಿಸುವುದಿಲ್ಲ. ಅದಕ್ಕೇ ಕುದಿಸುವ ಮುಂಚೆಯೇ ಒಂದಷ್ಟು ನೀರು ತೆಗೆಯಲು ಆರ್‌ಒ: 150 ಜಿಪಿಡಿಯ (ದಿನಕ್ಕೆ 150 ಗ್ಯಾಲನ್) ಮೂರು ಮೆಂಬ್ರೇನ್, 24 ವೋಲ್ಟ್ ಡಯಾಫ್ರಂ ಬೂಸ್ಟರ್ ಪಂಪ್, 5 ಮೈಕ್ರಾನ್ ಫಿಲ್ಟರ್ ಜೋಡಿಸಿದ್ದೇನೆ. ಗಟ್ಟಿ ರಸದ ಪೈಪ್ ವಾಪಸ್ ಅದೇ ಡ್ರಮ್ಮಿಗೆ ಹೋಗುತ್ತದೆ.

ಒತ್ತಡದ ಗೇಜ್ 100 ಪಿಎಸ್‌ಐ ತೋರಿಸುತ್ತದೆ, ಆದರೆ ಎರಡನೇ ಗಂಟೆಗೆಲ್ಲ ನೀರು ಬರುವುದು ತೀರಾ ಸಣ್ಣಗಾಗುತ್ತದೆ. ರಸ 3.5 ಬ್ರಿಕ್ಸ್ ದಾಟುತ್ತಿಲ್ಲ. ನನಗೆ 8 ಬೇಕಿತ್ತು. ಇನ್ನೊಂದು, ಹೊರಬರುವ ನೀರೇ 0.4 ಬ್ರಿಕ್ಸ್ ತೋರಿಸುತ್ತಿದೆ. ಇನ್ನೂ ಜೋರಿನ ಪಂಪ್ ಹಾಕಲೇ? ಆರ್‌ಒ ಮಾಡಿದರೆ ಸಿರಪ್ ರುಚಿ ಕೆಡುತ್ತದೆ ಅನ್ನುತ್ತಾರಲ್ಲ, ಅದು ನಿಜವೇ?

ಪೈಪ್_ಪಂಡಿತ:

ಮೊದಲು 8ರ ಆಸೆ ಬಿಡಿ. 2 ಬ್ರಿಕ್ಸ್‌ನ 100 ಲೀಟರ್ ರಸದಲ್ಲಿ ಸಕ್ಕರೆ ಇರುವುದು ಸುಮಾರು 2 ಕಿಲೋ, ಅದಕ್ಕೆ ಸಿಗುವ ಸಿರಪ್ ಎರಡೂಕಾಲು ಲೀಟರ್. ಮಿಕ್ಕಿದ್ದೆಲ್ಲ ನೀರು. 4 ಬ್ರಿಕ್ಸ್‌ಗೆ ತಂದರೆ 50 ಲೀಟರ್ ನೀರು ಹೋಯಿತು. ಅಲ್ಲಿಂದ 8ಕ್ಕೆ ಏರಿಸಿದರೆ ಹೋಗುವುದು ಇನ್ನು 25 ಲೀಟರ್ ಮಾತ್ರ. ಅಂದರೆ ಮೊದಲ ದುಪ್ಪಟ್ಟಿನಲ್ಲೇ ಅರ್ಧ ಗ್ಯಾಸ್ ಉಳಿಯಿತು, ಎರಡನೆಯದರಲ್ಲಿ ಶ್ರಮ ಹೆಚ್ಚು, ಲಾಭ ಅದರ ಅರ್ಧ.

ಶ್ರಮ ಹೆಚ್ಚಲು ಕಾರಣ ಆಸ್ಮಾಟಿಕ್ ಒತ್ತಡ, ಅಂದರೆ ಸಕ್ಕರೆ ನೀರನ್ನು ತನ್ನತ್ತ ಹಿಡಿದೆಳೆಯುವ ಬಲ. 2 ಬ್ರಿಕ್ಸ್ ರಸದಲ್ಲಿ ಅದು 20 ಪಿಎಸ್‌ಐ ಆಸುಪಾಸು, 4ರಲ್ಲಿ 40, 8ಕ್ಕೆ ಹೋದರೆ 80 ದಾಟುತ್ತದೆ. ನಿಮ್ಮ ಪಂಪಿನ 100ರಲ್ಲಿ ಅಷ್ಟನ್ನು ಕಳೆದು ಉಳಿದದ್ದೇ ನೀರನ್ನು ಮೆಂಬ್ರೇನ್ ಆಚೆ ತಳ್ಳುವ ಬಲ. 8ರ ಹತ್ತಿರ ಆ ಬಲ ಇಪ್ಪತ್ತೂ ಇರುವುದಿಲ್ಲ. ಜೋರಿನ ಪಂಪ್ ಹಾಕುವ ಮುಂಚೆ ಹೌಸಿಂಗ್ (ಮೆಂಬ್ರೇನ್ ಕೂರುವ ಕವಚ) ಮೇಲೆ ಬರೆದಿರುವ ಮಿತಿ ಓದಿ. ಮನೆಬಳಕೆಯವು ಸಾಮಾನ್ಯವಾಗಿ 125 ಪಿಎಸ್‌ಐನವು. ಮೀರಿದರೆ ಮೆಂಬ್ರೇನ್‌ಗಿಂತ ಮೊದಲು ಮುಚ್ಚಳ ಸೀಳುತ್ತದೆ.

150 ಜಿಪಿಡಿ ಅನ್ನುವುದು 25 ಡಿಗ್ರಿಯ ನಲ್ಲಿ ನೀರಿಗೆ ಹೇಳಿದ ಅಂಕಿ. 4–5 ಡಿಗ್ರಿಯ ರಸಕ್ಕೆ ತಣ್ಣಗಿರುವುದರಿಂದಲೇ ಅರ್ಧ ಬಿದ್ದುಹೋಗುತ್ತದೆ, ಸಕ್ಕರೆಯ ಒತ್ತಡ ಇನ್ನಷ್ಟು ತಿನ್ನುತ್ತದೆ. ಒಂದು ಮೆಂಬ್ರೇನ್‌ಗೆ ಗಂಟೆಗೆ 5–6 ಲೀಟರ್ ನೀರು ಹೋದರೆ ಸರಿಯಾಗಿದೆ ಅಂತಲೇ ತಿಳಿಯಿರಿ. ಮೂರಕ್ಕೆ 15–18. ಹಾಗಾಗಿ 100 ಲೀಟರನ್ನು 50ಕ್ಕೆ ಇಳಿಸಲು ಮೂರು ಗಂಟೆ ಹಿಡಿಯುವುದು ಸಹಜ. ಹಾಗಂತ ರಸ ಬಿಸಿ ಮಾಡಲು ಹೋಗಬೇಡಿ, ಹುಳಿಯುತ್ತದೆ.

ಎರಡನೇ ಗಂಟೆಗೆ ಸಣ್ಣಗಾಗುವುದರಲ್ಲಿ ಒಂದು ಪಾಲು ನೀವೇ ಮಾಡಿಕೊಂಡದ್ದು: ಗಟ್ಟಿ ರಸ ಅದೇ ಡ್ರಮ್ಮಿಗೆ ಬೀಳುವುದರಿಂದ ಪಂಪ್ ಹೀರುವ ರಸವೇ ಗಟ್ಟಿಯಾಗುತ್ತ ಹೋಗುತ್ತದೆ. ಇನ್ನೊಂದು ಪಾಲು ಫಿಲ್ಟರ್‌ನದು. 5 ಮೈಕ್ರಾನ್ ಕಾರ್ಟ್ರಿಜ್ ಲೋಳೆಗಟ್ಟಿದರೆ ಪಂಪ್ ಗೊರಗೊರ ಅನ್ನುತ್ತದೆ, ಗೇಜ್ ಮುಳ್ಳು ನಡುಗುತ್ತದೆ. ಫಿಲ್ಟರ್ ಹೀರುವ ಬದಿಯಲ್ಲಿದ್ದರೆ ಅದರ ಓ-ರಿಂಗ್‌ಗೆ ಆಹಾರ ದರ್ಜೆಯ ಸಿಲಿಕೋನ್ ಗ್ರೀಸ್ ಸವರಿ. ಗಾಳಿ ಎಳೆದರೂ ಇದೇ ಲಕ್ಷಣ. ಡ್ರಮ್ ಪಂಪಿಗಿಂತ ಎತ್ತರದಲ್ಲಿರಲಿ.

ಜೋಡಣೆ ಹೀಗಿರಬೇಕು: ಡ್ರಮ್, ಫಿಲ್ಟರ್, ಪಂಪ್, ಒಂದನೇ ಮೆಂಬ್ರೇನ್. ಒಂದನೆಯದರ ಗಟ್ಟಿ ರಸ ಎರಡನೆಯದರ ಒಳಹರಿವು, ಎರಡನೆಯದರದು ಮೂರನೆಯದಕ್ಕೆ. ಮೂರನೆಯದರ ಬಾಯಿಗೆ ಗೇಜ್, ಆಮೇಲೆ ಹರಿವು ಹೊಂದಿಸುವ ನೀಡಲ್ ವಾಲ್ವ್, ಅಲ್ಲಿಂದ ಬೇರೆ ಪಾತ್ರೆಗೆ. ಅಡುಗೆಮನೆ ಆರ್‌ಒ ಜತೆ ಬರುವ ಫ್ಲೋ ರಿಸ್ಟ್ರಿಕ್ಟರ್ (ಹರಿವು ತಡೆಯುವ ಬಿಡಿಭಾಗ) ಇದ್ದರೆ ಕಿತ್ತುಹಾಕಿ. ಇಲ್ಲಿ ಲೆಕ್ಕ ತಲೆಕೆಳಗು ನೋಡಿ, ಒಳ್ಳೆ ನೀರೇ ವೇಸ್ಟು, ವೇಸ್ಟ್ ಪೈಪಿನದೇ ಮಾಲು. ವಾಲ್ವನ್ನು ಗೇಜ್ ನೋಡಿ ತಿರುಗಿಸುವುದಕ್ಕಿಂತ ಹರಿವು ಅಳೆದು ತಿರುಗಿಸಿ: ಎರಡೂ ಪೈಪಿಗೆ ಒಂದೊಂದು ಅಳತೆ ಜಗ್ ಹಿಡಿದು ಒಂದು ನಿಮಿಷ ಬಿಡಿ. ಎರಡೂ ಸಮಸಮ ಬಂದರೆ ಬ್ರಿಕ್ಸ್ ದುಪ್ಪಟ್ಟಾಗಿದೆ ಅಂತ ಅರ್ಥ. ನೀರು ಒಂದು ಪಾಲು, ರಸ ಎರಡು ಪಾಲು ಬಂದರೆ 2 ಹೋಗಿ 3 ಆಗಿದೆ, ಆಗ ಇನ್ನೊಂದು ಸುತ್ತು ಬೇಕು. ವಾಲ್ವ್ ಪೂರ್ತಿ ಮುಚ್ಚಬೇಡಿ. ಮೆಂಬ್ರೇನ್ ಮೇಲ್ಮೈಯಲ್ಲಿ ಸಕ್ಕರೆ ನಿಂತು ಹರಿವು ಕಟ್ಟಿಕೊಳ್ಳುತ್ತದೆ.

ಆಲೆಮನೆ_ಆಚೆ:

ಪಂಡಿತರ ಲೆಕ್ಕ ಒಪ್ಪಿದೆ, ಇನ್ನೊಂದು ಸುತ್ತು ಅನ್ನುವುದಕ್ಕೆ ಮಾತ್ರ ನನ್ನ ತಕರಾರು. ಸುತ್ತು ಹೆಚ್ಚಿದಷ್ಟೂ ಪಂಪಿನ ಬಿಸಿ ರಸಕ್ಕೆ ಇಳಿಯುತ್ತದೆ, ರಸ ಗಂಟೆಗಟ್ಟಲೆ ಕಾಯುತ್ತದೆ. ಅದರ ಬದಲು ನಾಲ್ಕನೇ ಮೆಂಬ್ರೇನ್ ಸೇರಿಸಿ ಒಂದೇ ಸುತ್ತಿನಲ್ಲಿ 4 ಮುಟ್ಟಿಸುವುದು ಮೇಲು. ಗಟ್ಟಿ ರಸದಲ್ಲಿ ಸಕ್ಕರೆಯ ಜತೆ ಬ್ಯಾಕ್ಟೀರಿಯಾವೂ ಸಾಂದ್ರವಾಗಿರುತ್ತದೆ, ಹಾಗಾಗಿ ಅದನ್ನು ಮರುದಿನಕ್ಕೆ ಇಡಬೇಡಿ. ಇಡಲೇಬೇಕಿದ್ದರೆ ಕಚ್ಚಾ ರಸವನ್ನೇ ಹಿಮದಲ್ಲಿ ಹೂತಿಡಿ, ಕುದಿಸುವ ದಿನವೇ ಆರ್‌ಒ ಓಡಿಸಿ. ಬೆಳಿಗ್ಗೆ ಬಕೆಟ್ ಮೇಲೆ ಕಟ್ಟಿದ ಮಂಜುಗಡ್ಡೆ ಎತ್ತಿ ಎಸೆಯಿರಿ. ಅದರಲ್ಲಿ ಸಕ್ಕರೆ ಬಹಳ ಕಡಿಮೆ, ಕರೆಂಟಿಲ್ಲದೆ ಸಿಕ್ಕ ಮೊದಲ ಸುತ್ತು ಅದು.

ಮಲೆನಾಡಿನ ಆಲೆಮನೆಯಲ್ಲಿ ಕಬ್ಬಿನ ಹಾಲು ಕೊಪ್ಪರಿಗೆಗೆ ಬೀಳುವಾಗಲೇ 18–20 ಬ್ರಿಕ್ಸ್ ಇರುತ್ತದೆ. ಮೇಪಲ್‌ನಲ್ಲಿ ಲೀಟರ್ ಸಿರಪ್‌ಗೆ 40ಕ್ಕೂ ಹೆಚ್ಚು ಲೀಟರ್ ರಸ ಬೇಕು (86ನ್ನು ಬ್ರಿಕ್ಸ್‌ನಿಂದ ಭಾಗಿಸಿದರೆ ಸಾಕು, 2ಕ್ಕೆ 43). ಜೋನಿಬೆಲ್ಲದ ಕೈ ಇದ್ದವರು ಇಲ್ಲಿ ಎಡವುವುದು ಪ್ಯಾನಿನ ಆಳದಲ್ಲಿ. ಆರ್‌ಒ ಆದ ಮೇಲೆ ರಸ ಅರ್ಧ, ಪ್ಯಾನ್ ಮಾತ್ರ ಅದೇ. ಒಂದೂವರೆ ಇಂಚಿಗಿಂತ ಕೆಳಗೆ ಇಳಿಯಲು ಬಿಡಬೇಡಿ, ಮೂಲೆಯಲ್ಲಿ ಸೀದರೆ ಇಡೀ ಪ್ಯಾನ್ ಕಹಿ. ಉಕ್ಕಿ ಬಂದರೆ ಒಂದು ಚೂರು ಬೆಣ್ಣೆ. ಕೊನೆಯ ಪಾಕ ಮನೆಯೊಳಗೆ ಸಣ್ಣ ಪಾತ್ರೆಯಲ್ಲಿ: ಆ ದಿನ ನೀರು ಎಷ್ಟು ಡಿಗ್ರಿಗೆ ಕುದಿಯಿತೋ ಅದಕ್ಕಿಂತ 4 ಡಿಗ್ರಿ ಮೇಲೆ ಇಳಿಸಿ, ಸಾಂದ್ರತೆ ಅಳೆಯುವ ಹೈಡ್ರೋಮೀಟರ್‌ನಲ್ಲಿ 66–67 ಬ್ರಿಕ್ಸ್ ನೋಡಿ. ಬಿಸಿ ಸಿರಪ್‌ಗೆ ಬಿಸಿಯ ಗೆರೆಯನ್ನೇ ಓದಬೇಕು.

ರುಚಿಯ ಬಗ್ಗೆ: ವರ್ಮಾಂಟ್ ವಿಶ್ವವಿದ್ಯಾಲಯದ ಪ್ರಾಕ್ಟರ್ ಮೇಪಲ್ ಸಂಶೋಧನಾ ಕೇಂದ್ರದವರು 2 ಬ್ರಿಕ್ಸ್‌ನ ರಸವನ್ನೂ 8ಕ್ಕೆ ಏರಿಸಿದ ರಸವನ್ನೂ ಕುದಿಸಿ ಹೋಲಿಸಿದ್ದಾರೆ. ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ನೀವು ನಿಲ್ಲುವುದೇ 4ಕ್ಕೆ, ಆ ಚಿಂತೆ ಬೇಡ. ಆದರೆ ಮೊಗ್ಗು ಒಡೆಯುವ ಹೊತ್ತಿನ ರಸದ ಕೆಟ್ಟ ರುಚಿಯನ್ನು ಯಾವ ಆರ್‌ಒ ಕೂಡ ತೆಗೆಯದು.

ಒಟ್ಟಾವಾ_ಹಿತ್ತಿಲು:

ಫಿಲ್ಟರ್ ತೆಗೆದು ನೋಡಿದೆ, ಹಳದಿ ಲೋಳೆ. ವಾಪಸ್ ಪೈಪನ್ನು ಬೇರೆ ಡ್ರಮ್ಮಿಗೆ ತಿರುಗಿಸಿದ್ದೇನೆ. ನೀರಿನಲ್ಲಿ ಸಿಹಿ ಹೋಗುತ್ತಿರುವುದಕ್ಕೆ ಏನು ಮಾಡಲಿ? ಟಿಡಿಎಸ್ ಮೀಟರ್ ಇದೆ, ಅದರಲ್ಲಿ ಕಡಿಮೆಯೇ ಬರುತ್ತಿದೆ. ಸೀಸನ್ ಮುಗಿದ ಮೇಲೆ ಮೆಂಬ್ರೇನ್ ಹೇಗಿಡುವುದು?

ಲ್ಯಾಬ್_ಕೋಟು:

ಟಿಡಿಎಸ್ ಮೀಟರ್ ಅಳೆಯುವುದು ವಿದ್ಯುತ್ ವಾಹಕತೆ. ಸಕ್ಕರೆಗೆ ಅದು ಕುರುಡು. ರಿಫ್ರಾಕ್ಟೋಮೀಟರನ್ನು ಡಿಸ್ಟಿಲ್ಡ್ ನೀರಿನಲ್ಲಿ ಸೊನ್ನೆಗೆ ತಂದು ಮತ್ತೆ ನೋಡಿ, ಎಷ್ಟೋ ಸಲ 0.4 ಅನ್ನುವುದು ಅದರ ತಪ್ಪೇ ಆಗಿರುತ್ತದೆ. ಆಗಲೂ ಸಿಹಿ ಇದ್ದರೆ ಮೂರು ಮೆಂಬ್ರೇನ್‌ಗಳ ನೀರಿನ ಪೈಪ್ ಬಿಚ್ಚಿ ಮೂರು ಲೋಟಗಳಿಗೆ ಬಿಡಿ. ಒಂದರಲ್ಲಿ ಮಾತ್ರ ಸಿಹಿಯಿದ್ದರೆ ಅದನ್ನು ಹೊರಗೆಳೆಯಿರಿ. ನಡುಕೊಳವೆಯ ತುದಿಯಲ್ಲಿ ಎರಡು ಸಣ್ಣ ಓ-ರಿಂಗ್ ಇರುತ್ತವೆ, ಒಂದು ಮಡಚಿಕೊಂಡಿರುತ್ತದೆ ಅಥವಾ ಮೆಂಬ್ರೇನ್ ತಳದವರೆಗೆ ಕೂತಿರುವುದಿಲ್ಲ. ಒದ್ದೆ ಮಾಡಿ, ತಿರುಗಿಸುತ್ತ ಒತ್ತಿ ಕೂರಿಸಿ. ಮೂರರಲ್ಲೂ ಸಿಹಿಯಿದ್ದರೆ ಮೆಂಬ್ರೇನ್‌ಗಳೇ ಹಾಳು. ಕ್ಲೋರಿನ್ ಇರುವ ನಲ್ಲಿ ನೀರಿನಲ್ಲಿ ತೊಳೆದಿದ್ದರೆ, ಅಥವಾ ಒಮ್ಮೆ ಹೆಪ್ಪುಗಟ್ಟಿದ್ದರೆ ಹೀಗಾಗುತ್ತದೆ.

ಪ್ರತಿ ಸಲ ಓಡಿಸಿದ ಮೇಲೆ ತೊಳೆಯುವುದು ಆರ್‌ಒ ತೆಗೆದ ನೀರಿನಲ್ಲೇ, ಅದಕ್ಕೆ 20 ಲೀಟರ್ ಎತ್ತಿಡಿ. ವಾಲ್ವ್ ಪೂರ್ತಿ ತೆರೆದು, ಒತ್ತಡವಿಲ್ಲದೆ, ಗಟ್ಟಿ ರಸದ ಪೈಪಿನಲ್ಲಿ 0 ಬ್ರಿಕ್ಸ್ ಬರುವವರೆಗೆ ಬಿಡಿ. ಆಮೇಲೂ ಹರಿವು ಮೊದಲಿನಂತಾಗದಿದ್ದರೆ ಮೆಂಬ್ರೇನ್‌ಗೆಂದೇ ಮಾರುವ ಕ್ಷಾರದ ಸೋಪು, ಪಿಎಚ್ 11ರ ಒಳಗೆ, ನೀರು 40 ಡಿಗ್ರಿ ಮೀರದಂತೆ. ಅರ್ಧ ಗಂಟೆ ಸುತ್ತಿಸಿ, ಪಿಎಚ್ ಪಟ್ಟಿ ಮಾಮೂಲಿಗೆ ಬರುವವರೆಗೆ ತೊಳೆಯಿರಿ. ಬ್ಲೀಚ್ ಮುಟ್ಟಿಸಬೇಡಿ.

ಸೀಸನ್ ಮುಗಿದಾಗ ಒಂದು ಲೀಟರ್ ಆರ್‌ಒ ನೀರಿಗೆ 10 ಗ್ರಾಂ ಸೋಡಿಯಂ ಮೆಟಾಬೈಸಲ್ಫೈಟ್ ಕರಗಿಸಿ, ಮೆಂಬ್ರೇನ್‌ಗಳನ್ನು ಅದರಲ್ಲಿ ಮುಳುಗಿಸಿ, ಮುಚ್ಚಳ ಬಿಗಿದು ಫ್ರಿಜ್‌ನಲ್ಲಿಡಿ. ಫ್ರೀಜರ್ ಆಗದು, ಚಳಿಗಾಲದಲ್ಲಿ ಗ್ಯಾರೇಜೂ ಆಗದು. ಪುಡಿ ಕರಗಿಸುವಾಗ ಕಿಟಕಿ ತೆರೆದಿರಲಿ, ಗಂಧಕದ ಘಾಟು ಉಬ್ಬಸ ಇರುವವರಿಗೆ ಅಪಾಯ. ಪಂಪ್ ಮತ್ತು ಹೌಸಿಂಗ್‌ನಲ್ಲಿ ಒಂದು ಹನಿ ನೀರೂ ಉಳಿಯದಂತೆ ಊದಿ ಒಣಗಿಸಿ. ಮುಂದಿನ ಫೆಬ್ರವರಿಯಲ್ಲಿ ಮೊದಲ 20–30 ಲೀಟರನ್ನು, ಎರಡೂ ಪೈಪಿನದನ್ನೂ, ಚೆಲ್ಲಿಬಿಡಿ. ಹೊಸ ಮೆಂಬ್ರೇನ್ ಹಾಕಿದರೂ ಅಷ್ಟೇ, ಅದರಲ್ಲೂ ಸಂರಕ್ಷಕ ಇರುತ್ತದೆ.