ಅನ್‌ಕ್ಯಾನಿ ಎಕ್ಸ್-ಮೆನ್ ಆಮ್ನಿಬಸ್ 1: ಇಷ್ಟು ದಪ್ಪ ಪುಸ್ತಕವನ್ನು ಹೇಗೆ ಓದುವುದು?

ಹೊಸಪುಟ:
ಮಾರ್ವೆಲ್ ಕಾಮಿಕ್ಸ್‌ನ ಅನ್‌ಕ್ಯಾನಿ ಎಕ್ಸ್-ಮೆನ್ ಆಮ್ನಿಬಸ್‌ನ (ಹಲವು ಸಂಚಿಕೆಗಳನ್ನು ಒಟ್ಟಿಗೆ ಕಟ್ಟಿದ ದಪ್ಪ ಸಂಗ್ರಹ) ಮೊದಲ ಸಂಪುಟ ಶುರು ಮಾಡಿದ್ದೇನೆ. ಇದರಲ್ಲಿ 1975ರ ಜೈಂಟ್-ಸೈಜ್ ಎಕ್ಸ್-ಮೆನ್ 1, ಆಮೇಲೆ ಮೂಲ ಪತ್ರಿಕೆಯ 94ರಿಂದ 131ರವರೆಗಿನ ಸಂಚಿಕೆಗಳು, ಜೊತೆಗೆ ಮೂರನೇ ವಾರ್ಷಿಕ ಸಂಚಿಕೆ ಇವೆ. ಸಿನಿಮಾದಲ್ಲಿ ನೋಡಿದ್ದು ಬಿಟ್ಟರೆ ಈ ಪಾತ್ರಗಳು ನನಗೆ ಗೊತ್ತಿಲ್ಲ.

93ರವರೆಗಿನ ಸಂಚಿಕೆಗಳನ್ನು ಓದದೆ ಇದು ಅರ್ಥವಾಗುತ್ತದೆಯೇ? ಒಂದೇ ಸಮನೆ ಓದಿದರೆ ಮೂರು ನಾಲ್ಕು ಸಂಚಿಕೆಗೇ ತಲೆ ಭಾರವಾಗುತ್ತದೆ. ಮಾತು ಬಹಳ, ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುತ್ತಾರೆ. ಯಾವುದನ್ನು ಬಿಟ್ಟು ಓದಬಹುದು? ಇನ್ನೊಂದು, ಪುಸ್ತಕ ಹೊಸದಾದ್ದರಿಂದ ತುಂಬಾ ಬಿಗಿ. ಒಳಅಂಚಿನ ಕಡೆಯ ಮಾತುಗಳು ಕಾಣಿಸುವುದಿಲ್ಲ. ಬಲವಂತವಾಗಿ ಬಿಡಿಸಿದರೆ ಬೈಂಡಿಂಗ್ ಹೋದೀತು ಎಂಬ ಭಯ.

ದಯವಿಟ್ಟು ಮುಂದಿನ ಕಥೆ ಬಿಟ್ಟುಕೊಡಬೇಡಿ.

ಹಳೆಸಂಚಿಕೆ:
ಕಥೆ ಬಿಟ್ಟುಕೊಡಬೇಡಿ ಅಂದಿರಲ್ಲ, ಅದಕ್ಕೇ ಮೊದಲ ಮಾತು: ಪುಸ್ತಕದ ಮುನ್ನುಡಿಗಳನ್ನು ಈಗ ಓದಬೇಡಿ. ಇಂಥ ಸಂಪುಟಗಳ ಮುನ್ನುಡಿ ಬರೆಯುವವರು ಓದುಗರಿಗೆ ಕಥೆ ಗೊತ್ತೇ ಇದೆ ಎಂದುಕೊಂಡು ಬರೆಯುತ್ತಾರೆ. ಎಲ್ಲ ಮುಗಿದ ಮೇಲೆ ಓದಿ.

93ರವರೆಗಿನದು ಬೇಕಿಲ್ಲ. 1963ರಲ್ಲಿ ಸ್ಟ್ಯಾನ್ ಲೀ ಮತ್ತು ಜ್ಯಾಕ್ ಕರ್ಬಿ ಆರಂಭಿಸಿದ ಈ ಪತ್ರಿಕೆಯಲ್ಲಿ ಹೊಸ ಕಥೆ ನಿಂತದ್ದು 1970ರಲ್ಲಿ, 66ನೇ ಸಂಚಿಕೆಗೆ. 67ರಿಂದ 93ರವರೆಗೆ ಬಂದದ್ದೆಲ್ಲ ಹಳೆಯದರ ಮರುಮುದ್ರಣ. ಲೆನ್ ವೈನ್ ಮತ್ತು ಡೇವ್ ಕಾಕ್ರಮ್ ಸೇರಿ ಹೊಸ ತಂಡವನ್ನು ಕಟ್ಟಿದ ಜೈಂಟ್-ಸೈಜ್ ಸಂಚಿಕೆ ಹೊಸ ಓದುಗರನ್ನು ಕಣ್ಣಮುಂದೆ ಇಟ್ಟುಕೊಂಡೇ ಬರೆದದ್ದು. ಅಲ್ಲಿಂದ ಕ್ರಿಸ್ ಕ್ಲೇರ್ಮಾಂಟ್ ಬರವಣಿಗೆ ಕೈಗೆತ್ತಿಕೊಂಡು 1991ರವರೆಗೆ ಬಿಡಲಿಲ್ಲ.

ತಿಳಿದಿರಬೇಕಾದ ಹಿನ್ನೆಲೆ ಇಷ್ಟೇ. ಝೇವಿಯರ್ ಗುರು. ಸೈಕ್ಲಾಪ್ಸ್, ಜೀನ್ ಗ್ರೇ, ಏಂಜೆಲ್, ಐಸ್‌ಮನ್, ಬೀಸ್ಟ್ ಮೊದಲ ಐವರು ಶಿಷ್ಯರು. ಸೆಂಟಿನೆಲ್‌ಗಳು ಮ್ಯೂಟೆಂಟ್‌ಗಳನ್ನು, ಅಂದರೆ ಇವರಂತೆ ಹುಟ್ಟಿನಿಂದಲೇ ವಿಶೇಷ ಶಕ್ತಿ ಇರುವವರನ್ನು, ಬೇಟೆಯಾಡುವ ಯಂತ್ರಗಳು. 97ರಲ್ಲಿ ಬರುವ ಹ್ಯಾವಕ್ ಸೈಕ್ಲಾಪ್ಸ್‌ನ ತಮ್ಮ. ಅದೇ ಸಂಚಿಕೆಯ ಎರಿಕ್ ದಿ ರೆಡ್ ಎಂಬ ಹೆಸರು ಹಳೆಯ ಸಂಚಿಕೆಗಳಲ್ಲಿ ಸೈಕ್ಲಾಪ್ಸ್ ತೊಟ್ಟಿದ್ದ ಮಾರುವೇಷದ್ದು. ಅಲ್ಲಿ ಗೊಂದಲವಾದರೆ ನಿಲ್ಲಬೇಡಿ, ಮುಂದೆ ಹೋಗಿ. 104ರಲ್ಲಿ ತಂಡದ ಹಳೆಯ ಶತ್ರು ಮ್ಯಾಗ್ನೀಟೋ ಬರುವ ರೀತಿ ವಿಚಿತ್ರ ಅನ್ನಿಸುತ್ತದೆ. 1974ರ ಡಿಫೆಂಡರ್ಸ್ ಎಂಬ ಇನ್ನೊಂದು ಪತ್ರಿಕೆಯ 16ರಲ್ಲಿ ಅವನನ್ನು ಎಳೆಮಗುವಾಗಿ ಮಾಡಿಬಿಟ್ಟಿದ್ದರು, ಆ ಎಳೆಯನ್ನು ಇಲ್ಲಿ ಹಿಡಿದಿದ್ದಾರೆ.

ಇನ್ನು ತಲೆ ಭಾರವಾಗುವ ವಿಷಯ. ಇದನ್ನು ಪುಸ್ತಕವಾಗಲಿ ಎಂದು ಯಾರೂ ಬರೆದದ್ದಲ್ಲ. ಮೊದಮೊದಲು ಎರಡು ತಿಂಗಳಿಗೊಮ್ಮೆ ಬರುತ್ತಿತ್ತು, ಒಂದು ಸಂಚಿಕೆಗೆ ಕಥೆ 17–18 ಪುಟ. ಹಿಂದಿನದನ್ನು ಮರೆತವನಿಗೂ ಅಂಗಡಿಯಲ್ಲಿ ಮೊದಲ ಸಲ ಕೈಗೆತ್ತಿಕೊಂಡವನಿಗೂ ಅರ್ಥವಾಗಬೇಕಿತ್ತು. ನಮ್ಮ ವಾರಪತ್ರಿಕೆಗಳ ಧಾರಾವಾಹಿಗೆ ಮೇಲ್ಗಡೆ 'ಇಲ್ಲಿಯವರೆಗೆ' ಅಂತ ಹಾಕುವ ಹಾಗೆ ಇಲ್ಲಿ ಆ ಕೆಲಸವನ್ನು ಪಾತ್ರಗಳೇ ಮಾಡುತ್ತವೆ. ಹೊಸ ತಂಡದ ಕೊಲಾಸಸ್ ಪ್ರತಿ ಸಲ ಮೈ ಉಕ್ಕಾಗಿಸಿಕೊಳ್ಳುವಾಗ ವಿವರಣೆ ಬರುವುದು ಅದಕ್ಕೇ. ಹಾಗಾಗಿ ಪುಟ ಎಣಿಸಿ ನಿಲ್ಲಿಸಬೇಡಿ, ಕಥೆ ಒಂದು ಘಟ್ಟ ಮುಟ್ಟಿದಲ್ಲಿ ನಿಲ್ಲಿಸಿ. ಸಹಜವಾದ ತಂಗುದಾಣಗಳು ಹೀಗಿವೆ:

ಜೈಂಟ್-ಸೈಜ್ 1, 94, 95 ಒಂದು ಕೂತಲ್ಲಿ. 95 ಮುಗಿದ ಮೇಲೆ ಆ ದಿನ ಬೇರೇನೂ ಓದಬೇಡಿ. 96ರಿಂದ 101 ಇನ್ನೊಂದು, ಇದರಲ್ಲಿ 98ರಿಂದ 101ನ್ನು ತುಂಡು ಮಾಡಲೇಬಾರದು. 102ರಿಂದ 108 ಎರಡು ಕೂತಲ್ಲಿ. 109 ಮತ್ತು 110 ಬಿಡಿ ಕಥೆಗಳು. 111ರಿಂದ 113, ನಂತರ 114ರಿಂದ 116 ಸ್ಯಾವೇಜ್ ಲ್ಯಾಂಡ್ ಎಂಬ ಜಾಗದ ಕಥೆ. 117ರಿಂದ 121. 122ರಿಂದ 124. ಕೊನೆಗೆ 125ರಿಂದ 128, ಅದು ಪ್ರೋಟಿಯಸ್ ಕಥೆ, ಒಟ್ಟಿಗೇ ಓದಿ.

ಬಿಡಬಹುದಾದ್ದು 106 ಒಂದೇ. ಅದು ಮಧ್ಯೆ ಸೇರಿಸಿದ ಸಂಚಿಕೆ. ಕಥೆ ಬಿಲ್ ಮ್ಯಾಂಟ್ಲೋ, ಚಿತ್ರ ಬಾಬ್ ಬ್ರೌನ್. 105 ಮುಗಿಸಿ ನೇರವಾಗಿ 107ಕ್ಕೆ ಹೋದರೆ ಕಥೆಯ ವೇಗ ಉಳಿಯುತ್ತದೆ. ವಾರ್ಷಿಕ ಸಂಚಿಕೆ ಸ್ವತಂತ್ರ ಕಥೆ, ಚಿತ್ರ ಜಾರ್ಜ್ ಪೆರೆಜ್‌ದು, ಯಾವಾಗ ಬೇಕಾದರೂ ಓದಿ.

ರಟ್ಟುಕಟ್ಟು:
ಬೈಂಡಿಂಗ್ ಬಗ್ಗೆ ನಾನು ಹೇಳುತ್ತೇನೆ. ಆಮ್ನಿಬಸ್‌ಗಳದ್ದು ಹೊಲಿಗೆ ಬೈಂಡಿಂಗ್, ಸರಿಯಾಗಿ ಪಳಗಿಸಿದರೆ ಮೇಜಿನ ಮೇಲೆ ಚಪ್ಪಟೆಯಾಗಿ ಬಿದ್ದುಕೊಳ್ಳುತ್ತದೆ. ಮಾಡಬಾರದ್ದು ಒಂದೇ: ಹೊಸ ಪುಸ್ತಕವನ್ನು ಸೀದಾ ಮಧ್ಯಕ್ಕೆ ತೆರೆದು ಒತ್ತುವುದು. ಬೆನ್ನಿನ ಅಂಟು ಆ ಒಂದು ಜಾಗದಲ್ಲಿ ಬಿರುಕು ಬಿಟ್ಟರೆ ಮುಂದೆ ಯಾವಾಗ ತೆರೆದರೂ ಅಲ್ಲೇ ತೆರೆದುಕೊಳ್ಳುತ್ತದೆ, ಕ್ರಮೇಣ ಪುಟಗಳ ಕಟ್ಟು ಸಡಿಲವಾಗುತ್ತದೆ.

ಹೊರಗಿನ ಕಾಗದದ ಜಾಕೆಟ್ಟು ಬಿಚ್ಚಿಡಿ. ಪುಸ್ತಕದ ಬೆನ್ನು ಮೇಜಿಗೆ ತಾಗುವಂತೆ ನೆಟ್ಟಗೆ ನಿಲ್ಲಿಸಿ, ಎರಡೂ ಕಡೆಯ ರಟ್ಟುಗಳನ್ನು ನಿಧಾನವಾಗಿ ಕೆಳಗೆ ಬಿಡಿ. ಪುಟಗಳ ಕಟ್ಟು ಕೈಯಲ್ಲೇ ನಿಂತಿರಲಿ. ಈಗ ಮುಂದಿನಿಂದ ಇಪ್ಪತ್ತು ಹಾಳೆ ಬಿಡಿಸಿ, ಒಳಅಂಚಿನ ಉದ್ದಕ್ಕೂ ಮೇಲಿನಿಂದ ಕೆಳಗೆ ಬೆರಳಿಂದ ಹಗುರವಾಗಿ ಒತ್ತಿ. ಆಮೇಲೆ ಹಿಂದಿನಿಂದ ಇಪ್ಪತ್ತು. ಹೀಗೆ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ಮಾಡುತ್ತಾ ಮಧ್ಯಕ್ಕೆ ಬನ್ನಿ. ಬೇಕಿದ್ದರೆ ಇನ್ನೊಂದು ಸುತ್ತು. ಬೆನ್ನಿನ ಬಾಗು ಎಲ್ಲೆಡೆ ಸಮವಾಗಿ ಹಂಚಿಹೋಗುವುದರಿಂದ ಒಳಅಂಚಿನ ಮಾತುಗಳೂ ಕಾಣತೊಡಗುತ್ತವೆ. ಮೊದಲ ಮತ್ತು ಕೊನೆಯ ಐವತ್ತು ಪುಟ ಓದುವಾಗ ತೆಳ್ಳಗಿರುವ ಬದಿಯ ರಟ್ಟಿನ ಕೆಳಗೆ ಇನ್ನೊಂದು ಪುಸ್ತಕ ಇಟ್ಟು ಎರಡೂ ಬದಿ ಒಂದೇ ಮಟ್ಟಕ್ಕೆ ತನ್ನಿ.

ಮಲಗಿ ಎದೆಯ ಮೇಲೆ ಇಟ್ಟುಕೊಂಡು ಓದುವ ಪುಸ್ತಕವಲ್ಲ ಇದು. ಭಾರವೆಲ್ಲ ಕೀಲಿನ ಮೇಲೆ ಬಿದ್ದು ಪುಟಗಳ ಕಟ್ಟು ರಟ್ಟಿನಿಂದ ಜೋತುಬೀಳುತ್ತದೆ. ಕಪಾಟಿನಲ್ಲಿ ಓರೆಯಾಗಿ ನಿಲ್ಲಿಸಿದರೂ ಅದೇ ಗತಿ. ನೆಟ್ಟಗೆ ನಿಲ್ಲಿಸಲು ಆಗದಿದ್ದರೆ ಅಡ್ಡ ಮಲಗಿಸಿ.

ಕರಾವಳಿ ಅಥವಾ ಮಲೆನಾಡಿನ ಕಡೆಯವರಾಗಿದ್ದರೆ ಮಳೆಗಾಲದಲ್ಲಿ ಹೊರಗೋಡೆಗೆ ತಾಗಿದ ಕಪಾಟಿನಲ್ಲಿ ಇಡಬೇಡಿ. ಹೊಳಪು ಕಾಗದದ ಮೇಲಿನ ಲೇಪನ ಒದ್ದೆಯಾಗಿ ಒಣಗಿದರೆ ಹಾಳೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಮತ್ತೆ ಬಿಡಿಸಲು ಹೋದರೆ ಚಿತ್ರವೇ ಕಿತ್ತು ಬರುತ್ತದೆ. ಸಿಲಿಕಾ ಜೆಲ್ ಪೊಟ್ಟಣ ಪಕ್ಕದಲ್ಲಿರಲಿ. ಆದರೆ ಗಾಳಿಯಾಡದಂತೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಬೇಡಿ, ಒಳಗಿನ ತೇವ ಒಳಗೇ ಉಳಿಯುತ್ತದೆ.

ಬಣ್ಣ ಕಣ್ಣಿಗೆ ಹೊಡೆಯುತ್ತಿದ್ದರೆ ಅದಕ್ಕೂ ಕಾರಣವಿದೆ. ಆಗಿನ ಬಣ್ಣಗಾರರ ಕೈಯಲ್ಲಿದ್ದದ್ದು ನೀಲಿ, ಕೆಂಪು, ಹಳದಿ, ಒಂದೊಂದೂ ಮೂರು ಗಾಢತೆಯಲ್ಲಿ. ಖಾಲಿ ಬಿಡುವುದನ್ನೂ ಸೇರಿಸಿ ಒಟ್ಟು 64 ಬಣ್ಣ. ಮಸಿ ಹೀರುವ ಮಾಸಲು ನ್ಯೂಸ್‌ಪ್ರಿಂಟಿನ ಮೇಲೆ ಮಂಕಾಗಿ ಕಾಣುತ್ತದೆಂದು ಲೆಕ್ಕ ಹಾಕಿಯೇ ಗಾಢ ಬಣ್ಣ ಆರಿಸುತ್ತಿದ್ದರು. ಅದೇ ಬಣ್ಣವನ್ನು ಬಿಳಿ ಹೊಳಪು ಕಾಗದಕ್ಕೆ ಹಾಕಿದಾಗ ಕೆಂಪು ಚೀರುತ್ತದೆ. ತಲೆಯ ಮೇಲಿನ ಬಿಳಿ ಟ್ಯೂಬ್‌ಲೈಟ್ ಬಿಟ್ಟು, ಪಕ್ಕದಿಂದ ಬೀಳುವ ಹಳದಿ ಬೆಳಕಿನ ದೀಪ ಬಳಸಿ. ಪ್ರತಿಫಲನವೂ ತಪ್ಪುತ್ತದೆ.

ಮಾತಿನಬಲೂನು:
ಹಳೆಸಂಚಿಕೆಯವರ ಪಟ್ಟಿ ಚೆನ್ನಾಗಿದೆ. ಒಂದು ಸೇರಿಸಬೇಕು. ಮಾತು ಜಾಸ್ತಿ ಎಂದು ಹಾರಿಸಿ ಓದುವವರು ಸಾಮಾನ್ಯವಾಗಿ ತಪ್ಪು ಜಾಗ ಹಾರಿಸುತ್ತಾರೆ. ಸಂಚಿಕೆಯ ಮೊದಲ ಪುಟದ ವಿವರಣೆ, ಹೊಡೆದಾಟದ ನಡುವೆ ತನ್ನ ಶಕ್ತಿಯನ್ನು ತಾನೇ ವರ್ಣಿಸಿಕೊಳ್ಳುವ ಮಾತು, ಇವೆರಡರ ಮೇಲೆ ಕಣ್ಣಾಡಿಸಿದರೆ ಸಾಕು. ಮೋಡದಾಕಾರದ ಯೋಚನೆಯ ಬಲೂನನ್ನು ಮಾತ್ರ ಬಿಡಬೇಡಿ. ಕ್ಲೇರ್ಮಾಂಟ್ ಮುಂದಿನ ವರ್ಷದ ಕಥೆಯ ಬೀಜ ಹಾಕುವುದು ಅಲ್ಲೇ. 113ರ ಕೊನೆಗೆ ತಂಡ ಎರಡು ಪಾಲಾಗುತ್ತದೆ, ಯಾರು ಏನನ್ನು ನಂಬಿಕೊಂಡು ಹೊರಡುತ್ತಾರೆ ಎಂಬುದನ್ನು ನೆನಪಿಟ್ಟುಕೊಳ್ಳಿ. ಮುಂದೆ ಹತ್ತಾರು ಸಂಚಿಕೆ ಅದರ ಮೇಲೇ ನಿಂತಿವೆ. 125ರಿಂದ ಜೀನ್‌ಗೆ ಕಾಣತೊಡಗುವ ಹಳೆಯ ಕಾಲದ ದೃಶ್ಯಗಳು ಒಂದೆರಡು ಚೌಕಟ್ಟಿನಷ್ಟೇ ಇರುತ್ತವೆ, ಆದರೆ ಅವನ್ನು ದಾಟಿಬಿಟ್ಟವರಿಗೆ 129ರ ನಂತರದ್ದು ದಿಢೀರನೆ ಆದಂತೆ ಅನ್ನಿಸುತ್ತದೆ.

ಪಾತ್ರಗಳಲ್ಲಿ ಬ್ಯಾನ್ಶೀ ಐರಿಷ್, ಮೊಯ್ರಾ ಸ್ಕಾಟಿಷ್. ಅವರ ಮಾತನ್ನು ಉಚ್ಚಾರಣೆಯಂತೆಯೇ ಕಾಗುಣಿತ ಬದಲಿಸಿ ಬರೆದಿದ್ದಾರೆ. ನಿಘಂಟಿನಲ್ಲಿ ಹುಡುಕಿದರೆ ಸಿಗುವುದಿಲ್ಲ, ಬಾಯಿಬಿಟ್ಟು ಓದಿ, ಕಿವಿಗೆ ತಿಳಿಯುತ್ತದೆ. ದಪ್ಪಕ್ಷರದ ಪದಗಳು ಮಾತಿನ ಒತ್ತು ತೋರಿಸುವುದಕ್ಕೆ. ಆ ಒತ್ತು ಕೊಟ್ಟು ಓದಿದರೆ ಉದ್ದ ವಾಕ್ಯವೂ ಸಲೀಸು.

108ರಿಂದ ಜಾನ್ ಬರ್ನ್ ಚಿತ್ರ ಶುರು, ಆ ಪೆನ್ಸಿಲ್ ಚಿತ್ರದ ಮೇಲೆ ಟೆರಿ ಆಸ್ಟಿನ್‌ರ ಮಸಿಗೆರೆ. ಅಲ್ಲಿಂದ ಓದುವ ಮುನ್ನ ಪ್ರತಿ ಪುಟವನ್ನು ಒಮ್ಮೆ ಸುಮ್ಮನೆ ನೋಡಿ. ಹಿನ್ನೆಲೆಯ ಕಟ್ಟಡ, ಯಂತ್ರ, ಮರದ ತೊಗಟೆ ಎಲ್ಲವನ್ನೂ ಆಸ್ಟಿನ್ ಕೂದಲೆಳೆಯ ಗೆರೆಯಲ್ಲಿ ಮುಗಿಸಿದ್ದಾರೆ. ಕಾಕ್ರಮ್ ಚಿತ್ರಗಳ ಸೊಗಸು ವೇಷಭೂಷಣದಲ್ಲಿ ಮತ್ತು ಅಂತರಿಕ್ಷ ನೌಕೆಗಳಲ್ಲಿದೆ, ಅವರನ್ನು ಬರ್ನ್‌ಗೆ ಹೋಲಿಸಿ ಕಡೆಗಣಿಸುವುದು ಅನ್ಯಾಯ.

ಹೊಸಪುಟ:
ಎಲ್ಲರಿಗೂ ಧನ್ಯವಾದ. ಹಾಳೆ ಬಿಡಿಸುವ ಕ್ರಮ ಫಲ ಕೊಟ್ಟಿತು, ಅಂಚಿನ ಮಾತು ಈಗ ಕಾಣುತ್ತಿದೆ. ಕೊನೆಯ ಪ್ರಶ್ನೆ: 131ಕ್ಕೆ ಕಥೆ ಒಂದು ಹಂತಕ್ಕೆ ಮುಗಿಯುತ್ತದೆಯೇ? ಎರಡನೇ ಸಂಪುಟ ಎಲ್ಲೂ ಸಿಗುತ್ತಿಲ್ಲ.

ಹಳೆಸಂಚಿಕೆ:
ಇಲ್ಲ, ಮುಗಿಯುವುದಿಲ್ಲ. ಈ ಸಂಪುಟದ ದೊಡ್ಡ ಕೊರತೆಯೇ ಅದು. 1980ರ ಡಾರ್ಕ್ ಫೀನಿಕ್ಸ್ ಕಥೆ 129ರಿಂದ 138ರವರೆಗೆ ಹರಡಿದೆ, ಸಂಪುಟ ಅದರ ಮೂರನೇ ಸಂಚಿಕೆಗೇ ನಿಲ್ಲುತ್ತದೆ. ಹಾಗಾಗಿ ಮುಂದಿನದು ಕೈಗೆ ಬರುವವರೆಗೆ 128ಕ್ಕೇ ನಿಲ್ಲಿಸಿ.

ಎರಡನೇ ಆಮ್ನಿಬಸ್ಸೇ ಬೇಕೆಂದೇನಿಲ್ಲ. ಡಾರ್ಕ್ ಫೀನಿಕ್ಸ್ ಸಾಗಾ ಹೆಸರಿನ ಪೇಪರ್‌ಬ್ಯಾಕ್‌ನಲ್ಲಿ 129ರಿಂದ 138 ಇದೆ. ಎಪಿಕ್ ಕಲೆಕ್ಷನ್ ಸರಣಿಯ ದಿ ಫೇಟ್ ಆಫ್ ದಿ ಫೀನಿಕ್ಸ್ ತೆಗೆದುಕೊಂಡರೆ 143ರವರೆಗೂ ಸಿಗುತ್ತದೆ. ಬರ್ನ್ ಕೊನೆಯ ಸಂಚಿಕೆ 143, ನಡುವೆ 141 ಮತ್ತು 142ರಲ್ಲಿ ಡೇಸ್ ಆಫ್ ಫ್ಯೂಚರ್ ಪಾಸ್ಟ್ ಇದೆ. ಆದ್ದರಿಂದ ನನ್ನ ಆಯ್ಕೆ ಎಪಿಕ್. ಎಪಿಕ್ ಬೆನ್ನಿನ ಮೇಲಿನ ಸಂಖ್ಯೆ ಕಥೆಯ ಕಾಲಕ್ರಮದ್ದು, ಪ್ರಕಟಣೆಯ ಕ್ರಮದ್ದಲ್ಲ. ಮಧ್ಯದ ಸಂಖ್ಯೆ ಅಂಗಡಿಯಲ್ಲಿ ಕಾಣದಿದ್ದರೆ ಗಾಬರಿ ಬೇಡ.

ಎರಡರಿಂದ ದೂರವಿರಿ. ಎಸೆನ್ಶಿಯಲ್ ಹೆಸರಿನವು ಅಗ್ಗ, ಆದರೆ ಕಪ್ಪುಬಿಳುಪು. ಆಸ್ಟಿನ್ ಗೆರೆ ನೋಡಲು ಚೆನ್ನ, ಆದರೆ ಬೆಂಕಿಯೇ ಜೀವಾಳವಾದ ಈ ಕಥೆಗೆ ಬಣ್ಣ ಬೇಕು. 1986ರಲ್ಲಿ ಶುರುವಾದ ಕ್ಲಾಸಿಕ್ ಎಕ್ಸ್-ಮೆನ್ ಮರುಮುದ್ರಣದಲ್ಲಿ ಹೊಸ ಪುಟಗಳನ್ನು ನಡುವೆ ಸೇರಿಸಿದ್ದಾರೆ. ಮುಂದಿನದನ್ನು ತಿಳಿದು ಸೇರಿಸಿದ ಪುಟಗಳಾದ್ದರಿಂದ ಮೊದಲ ಓದಿಗೆ ಅವು ಬೇಡ.